ಒಂದು ಮಾಹಿತಿಗೆ ಒಬ್ಬರೇ ಹೊಣೆ: ಕಂಟೇನರ್ ಬಂದರಿನ ಹಂಚಿಕೆ ವ್ಯವಸ್ಥೆ ಕಟ್ಟುವ ಬಗೆ

ಬಂದರಿನಲ್ಲಿ ಒಂದೇ ಕಂಟೇನರಿಗೆ ಏಳೆಂಟು ಕಡೆ ದಾಖಲೆ ಇರುತ್ತದೆ. ಹಡಗು ಓಡಿಸುವ ಶಿಪ್ಪಿಂಗ್ ಲೈನ್, ಅದರ ಏಜೆಂಟ್, ಕಂಟೇನರ್ ಇಳಿಸಿ ಹತ್ತಿಸುವ ಟರ್ಮಿನಲ್, ಕಸ್ಟಮ್ಸ್, ಸರಕಿನವರ ಪರವಾಗಿ ಸಾಗಣೆ ಏರ್ಪಡಿಸುವ ಫಾರ್ವರ್ಡರ್, ಲಾರಿ ಕಂಪನಿ, ಖಾಲಿ ಕಂಟೇನರ್ ಇಡುವ ಡಿಪೊ, ಹಡಗಿಗೆ ಬಂದರಿನ ದಾರಿ ತೋರಿಸುವ ಪೈಲಟ್‌ಗಳ ಕಚೇರಿ: ಎಲ್ಲರಿಗೂ ಅವರವರದೇ ಸಾಫ್ಟ್‌ವೇರ್. ಇವರ ನಡುವೆ ಕೂತು ಮಾಹಿತಿ ದಾಟಿಸುವ ವ್ಯವಸ್ಥೆಗೆ ಪೋರ್ಟ್ ಕಮ್ಯುನಿಟಿ ಸಿಸ್ಟಂ, ಚಿಕ್ಕದಾಗಿ ಪಿಸಿಎಸ್ ಎನ್ನುತ್ತಾರೆ. ಇಂಥದೇ ಒಂದಾದ, ಜರ್ಮನಿಯ ಹ್ಯಾಂಬರ್ಗ್ ಬಂದರಿನ ಡಕೋಸಿ ಹುಟ್ಟಿದ್ದು 1982ರಲ್ಲಿ. ಇಂಟರ್ನೆಟ್ ಮನೆಮನೆಗೆ ಬರುವ ಎಷ್ಟೋ ಮೊದಲೇ ಈ ಕೆಲಸ ನಡೆಯುತ್ತಿತ್ತು.

ಇಂಥ ವ್ಯವಸ್ಥೆಯನ್ನು ಟರ್ಮಿನಲ್‌ಗೂ ಲೈನುಗಳಿಗೂ ಜೋಡಿಸುವಾಗ ಪರದೆ ಹೇಗಿರಬೇಕು ಎಂಬ ಮಾತನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಬರೆಯುವುದು ಒಂದು ಕೋಷ್ಟಕ: ಯಾವ ಮಾಹಿತಿಗೆ ಯಾರು ಹೊಣೆ, ಯಾವ ಘಟ್ಟದವರೆಗೆ. ಹಡಗು ಬರುವ ಅಂದಾಜು ಸಮಯ ಲೈನಿನ ಏಜೆಂಟರದು. ಪೈಲಟ್ ಹಡಗು ಹತ್ತಿದ ಗಳಿಗೆಯಿಂದ ಅದು ಬಂದರು ನಿಯಂತ್ರಣ ಕೊಠಡಿಯದು. ಹಗ್ಗ ಕಟ್ಟಿ ಮುಗಿದ ಮೇಲೆ ಟರ್ಮಿನಲ್‌ನದು. ಕಂಟೇನರಿನ ಗಾತ್ರ ಮತ್ತು ಮಾದರಿ ಲೈನಿನದು. ಯಾರ್ಡಿನಲ್ಲಿ, ಅಂದರೆ ಕಂಟೇನರ್ ಪೇರಿಸಿಡುವ ಅಂಗಳದಲ್ಲಿ, ಎಲ್ಲಿ ಇದೆ ಎಂಬುದು ಟರ್ಮಿನಲ್‌ನದು, ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಸೀಲ್ ಸಂಖ್ಯೆಯಲ್ಲಿ ಜಗಳ ಇದ್ದೇ ಇರುತ್ತದೆ: ಸರಕು ತುಂಬಿದವರು ಒಂದು ಬರೆದಿರುತ್ತಾರೆ, ಗೇಟಿನ ಕ್ಯಾಮೆರಾ ಇನ್ನೊಂದು ಓದುತ್ತದೆ. ಎರಡನ್ನೂ ಬೇರೆ ಬೇರೆ ಅಂಕಣದಲ್ಲಿ ಉಳಿಸಿ. ಒಂದರ ಮೇಲೆ ಇನ್ನೊಂದನ್ನು ಬರೆದರೆ ಸೀಲ್ ಒಡೆದದ್ದು ಎಲ್ಲಿ ಎಂದು ಮುಂದೆ ಯಾರೂ ಹೇಳಲಾರರು.

ಈ ಕೋಷ್ಟಕಕ್ಕೆ ಎಲ್ಲರ ಸಹಿ ಬೀಳುವ ತನಕ ನಾನು ಒಂದು ಸಂದೇಶವನ್ನೂ ಜೋಡಿಸುವುದಿಲ್ಲ. ಹೊಣೆಗಾರರಿಲ್ಲದ ಅಂಕಣವೊಂದು ಉಳಿದರೂ ಸಾಕು, ಅದನ್ನು ಇಬ್ಬರು ತಿದ್ದುತ್ತಾರೆ, ಕೊನೆಗೆ ಫೋನಿನಲ್ಲಿ ಕೇಳಿಯೇ ಕೆಲಸ ಸಾಗುತ್ತದೆ.

ಎರಡನೆಯದು ಹಡಗಿನ ಭೇಟಿಗೆ ಒಂದು ಗುರುತು. ಹಡಗಿನ ಹೆಸರು ಬದಲಾಗಬಹುದು, ಆದ್ದರಿಂದ ಹಡಗಿಗೆ ಕೊಟ್ಟ ಏಳು ಅಂಕಿಯ ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಸಂಖ್ಯೆಯನ್ನೇ ಹಿಡಿಯಬೇಕು. ಆದರೆ ಅದಿಷ್ಟೇ ಸಾಲದು. ಒಂದೇ ಹಡಗಿನಲ್ಲಿ ನಾಲ್ಕು ಲೈನುಗಳು ಜಾಗ ಹಂಚಿಕೊಂಡಿದ್ದರೆ ನಾಲ್ಕೂ ತಮ್ಮ ತಮ್ಮ ವಾಯೇಜ್ (ಪ್ರಯಾಣ) ಸಂಖ್ಯೆ ಕಳಿಸುತ್ತವೆ, ಬರುವಾಗಿನದು ಒಂದು, ಹೋಗುವಾಗಿನದು ಇನ್ನೊಂದು. ಬಂದರು ಭೇಟಿಗೆ ಒಂದೇ ಕಾಲ್ ಸಂಖ್ಯೆ ಕೊಟ್ಟು, ಲೈನುಗಳ ವಾಯೇಜ್ ಸಂಖ್ಯೆಗಳನ್ನೆಲ್ಲ ಅದರ ಕೆಳಗೆ ಅಡ್ಡಹೆಸರುಗಳಂತೆ ಪೋಣಿಸಬೇಕು. ಹೊಸ ವಾಯೇಜ್ ಸಂಖ್ಯೆ ಗುರುತಿಲ್ಲದೆ ಬಂದರೆ ವ್ಯವಸ್ಥೆ ತಾನಾಗಿ ಹೊಸ ಭೇಟಿ ಸೃಷ್ಟಿಸಬಾರದು, ತಿರಸ್ಕರಿಸಿ ಏಜೆಂಟರನ್ನು ಕೇಳಬೇಕು. ತಾನೇ ಸೃಷ್ಟಿಸಲು ಬಿಟ್ಟರೆ ಒಂದೇ ಹಡಗು ಬರ್ತ್ (ಹಡಗು ನಿಲ್ಲುವ ಕಟ್ಟೆ) ಯೋಜನೆಯಲ್ಲಿ ಎರಡು ಬಾರಿ ಕಾಣಿಸುತ್ತದೆ, ರಫ್ತಿನ ಕಂಟೇನರುಗಳಲ್ಲಿ ಅರ್ಧ ಇಲ್ಲದ ಹಡಗಿಗೆ ಅಂಟಿಕೊಳ್ಳುತ್ತವೆ.

ಕಂಟೇನರ್ ಸಂಖ್ಯೆಯ ವಿಷಯ ತುಸು ವಿವರವಾಗಿ ನೋಡಬೇಕು. ಕಂಟೇನರ್ ಗುರುತಿನ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 6346ರ ಪ್ರಕಾರ ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೊಂದು ಪರೀಕ್ಷಾ ಅಂಕಿ. ಅಕ್ಷರಗಳಿಗೆ ಎ ಎಂದರೆ 10, ಬಿ ಎಂದರೆ 12, ಹೀಗೆ 11ರ ಗುಣಕಗಳನ್ನು ಬಿಟ್ಟು ಝಡ್ ಎಂದರೆ 38ರ ತನಕ ಬೆಲೆ. ಎಡದಿಂದ ಬಲಕ್ಕೆ 1, 2, 4, 8 ಎಂದು 512ರ ತನಕ ಗುಣಿಸಿ ಕೂಡಿ, 11ರಿಂದ ಭಾಗಿಸಿ ಉಳಿದದ್ದೇ ಪರೀಕ್ಷಾ ಅಂಕಿ. ಸಿಎಸ್‌ಕ್ಯೂಯು 305438ಕ್ಕೆ ಮೊತ್ತ 6185, ಶೇಷ 3. ಹಾಗಾಗಿ ಪೂರ್ತಿ ಸಂಖ್ಯೆ ಸಿಎಸ್‌ಕ್ಯೂಯು 3054383. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಇದು ಹಿಡಿಯುತ್ತದೆ. ಒಂದು ಕಿಂಡಿ ಮಾತ್ರ ಉಳಿಯುತ್ತದೆ: ಶೇಷ 10 ಬಂದರೂ 0 ಎಂದೇ ಬರೆಯುವುದರಿಂದ ಆ ಎರಡರ ನಡುವಿನ ತಪ್ಪು ದಾಟಿಹೋಗುತ್ತದೆ.

ಅಕ್ಷರಗಳಲ್ಲಿ ಇದಕ್ಕಿಂತ ದೊಡ್ಡ ಕಿಂಡಿ ಇದೆ. ಬಿ 12, ಎಲ್ 23, ವಿ 34. ಮೂರನ್ನೂ 11ರಿಂದ ಭಾಗಿಸಿದರೆ ಶೇಷ 1. ಎ ಮತ್ತು ಕೆ, ಐ ಮತ್ತು ಎಸ್ ಜೋಡಿಗಳದೂ ಇದೇ ಕತೆ. ಅಂದರೆ ಗೇಟಿನ ಕ್ಯಾಮೆರಾ ಎಲ್ ಅನ್ನು ಬಿ ಎಂದು ಓದಿದರೆ ಪರೀಕ್ಷಾ ಅಂಕಿ ಸರಿಯಾಗಿಯೇ ಕೂರುತ್ತದೆ. ಅದಕ್ಕೆ ಪರೀಕ್ಷಾ ಅಂಕಿಯ ಜತೆಗೆ ಮಾಲೀಕ ಸಂಕೇತವನ್ನು ಈ ಸಂಕೇತಗಳನ್ನು ನೋಂದಾಯಿಸುವ ಬಿಐಸಿ ಸಂಸ್ಥೆಯ ಪಟ್ಟಿಯೊಂದಿಗೂ ತಾಳೆ ನೋಡಬೇಕು. ಮೊದಲ ನಾಲ್ಕು ಸ್ಥಾನದಲ್ಲಿ ಅಕ್ಷರ, ಮುಂದಿನ ಏಳರಲ್ಲಿ ಅಂಕಿ ಎಂಬ ನಿಯಮವನ್ನು ಕ್ಯಾಮೆರಾ ತಂತ್ರಾಂಶಕ್ಕೇ ಹಾಕಿಬಿಟ್ಟರೆ ಒ ಮತ್ತು ಸೊನ್ನೆಯ ಗೊಂದಲ ಬಹುಮಟ್ಟಿಗೆ ಅಲ್ಲೇ ತೀರುತ್ತದೆ.

ಸಂದೇಶಗಳು ಬಹುಪಾಲು ಯುಎನ್ ಎಡಿಫ್ಯಾಕ್ಟ್ ಎಂಬ, ಕಂಪ್ಯೂಟರುಗಳ ನಡುವಿನ ವ್ಯಾಪಾರ ಸಂದೇಶಗಳ ಮಾನಕ ರೂಪದಲ್ಲೇ ಇವೆ. ಹಡಗಿನಲ್ಲಿ ಯಾವ ಬಾಕ್ಸ್ ಎಲ್ಲಿ ಎನ್ನಲು ಬ್ಯಾಪ್ಲಿ, ಇಳಿಸುವ ಮತ್ತು ಹತ್ತಿಸುವ ಆದೇಶಕ್ಕೆ ಕೋಪ್ರಾರ್, ಇಳಿಸಿದ್ದಾಯಿತು ಎನ್ನಲು ಕೋಆರಿ, ಗೇಟ್ ದಾಟಿದ್ದಕ್ಕೆ ಕೋಡೆಕೊ, ತೂಕಕ್ಕೆ ವರ್ಮಾಸ್. ಎಪಿಐ (ಸಾಫ್ಟ್‌ವೇರ್‌ಗಳು ನೇರವಾಗಿ ಮಾತಾಡುವ ಕೊಂಡಿ) ಮೂಲಕವೂ ಇದನ್ನೆಲ್ಲ ಕಳಿಸಬಹುದು. ರೂಪ ಬದಲಾದ ಮಾತ್ರಕ್ಕೆ ಕೆಳಗಿನ ತೊಂದರೆಗಳು ಬದಲಾಗುವುದಿಲ್ಲ.

ಹೆಚ್ಚು ನಷ್ಟ ಮಾಡುವುದು ಬದಲಿ ಪಟ್ಟಿ. ಲೈನು ಬೆಳಿಗ್ಗೆ 300 ಕಂಟೇನರುಗಳ ಹತ್ತಿಸುವ ಪಟ್ಟಿ ಕಳಿಸಿತು, ಮಧ್ಯಾಹ್ನ 290ರ ಪಟ್ಟಿ ಕಳಿಸಿತು ಎನ್ನೋಣ. ಬಿಟ್ಟುಹೋದ 10 ರದ್ದಾದವೇ? ಅಥವಾ ಎರಡನೆಯದು ತಿದ್ದುಪಡಿ ಆದವುಗಳ ಪಟ್ಟಿ ಮಾತ್ರವೇ? ಎಡಿಫ್ಯಾಕ್ಟ್‌ನಲ್ಲಿ ಇದಕ್ಕೆ ಸಂಕೇತ ಇದೆ: 9 ಎಂದರೆ ಮೂಲ, 5 ಎಂದರೆ ಬದಲಿ, 4 ಎಂದರೆ ತಿದ್ದುಪಡಿ, 1 ಎಂದರೆ ರದ್ದು. ತೊಂದರೆ ಏನೆಂದರೆ ಕೆಲವು ಕಳಿಸುವ ವ್ಯವಸ್ಥೆಗಳು ಯಾವಾಗಲೂ 9 ಎಂದೇ ಬರೆಯುತ್ತವೆ. ಪ್ರತಿ ಲೈನಿನ ಜತೆಗೂ ಇದನ್ನು ಬರಹದಲ್ಲಿ ಒಪ್ಪಿಸಿಕೊಂಡು, ಪರೀಕ್ಷೆಯ ಹೊತ್ತಿನಲ್ಲಿ ಮೂರು ಫೈಲು ಕಡ್ಡಾಯವಾಗಿ ಕೇಳಿ ಪಡೆಯುತ್ತೇನೆ: ಒಂದು ಮೂಲ, ಒಂದು ಕಂಟೇನರ್ ತೆಗೆದ ಬದಲಿ, ಒಂದು ಪೂರ್ತಿ ರದ್ದು. ಮೂಲ ಫೈಲು ಮಾತ್ರ ಸರಿಯಾಗಿ ಓದಿದರೆ ಜೋಡಣೆ ಮುಗಿಯಿತು ಎಂದು ಸಹಿ ಹಾಕುವುದಿಲ್ಲ. ಪಟ್ಟಿಯಿಂದ ಶೇಕಡಾ ಇಂತಿಷ್ಟಕ್ಕಿಂತ ಹೆಚ್ಚು ಕಂಟೇನರುಗಳು ಒಮ್ಮೆಲೇ ಮಾಯವಾದರೆ ತಡೆದು ಮನುಷ್ಯರ ಕಣ್ಣಿಗೆ ಬೀಳಿಸುವ ಮಿತಿಯೊಂದನ್ನೂ ಹಾಕಿಡಿ.

ಎಕ್ಸೆಲ್ ಇನ್ನೊಂದು ಪೀಡೆ. ಬ್ಯಾಪ್ಲಿಯಲ್ಲಿ ಹಡಗಿನೊಳಗಿನ ಜಾಗ ಏಳು ಅಂಕಿ: ಬೇ (ಹಡಗಿನ ಉದ್ದಕ್ಕೆ ಎಣಿಸಿದ ಅಡ್ಡ ವಿಭಾಗ) ಮೂರು, ಸಾಲು ಎರಡು, ಅಂತಸ್ತು ಎರಡು. 0260482 ಎಂದರೆ ಬೇ 26, ಎಡಬದಿಯ ಸಾಲು 4, ಡೆಕ್ ಮೇಲಿನ ಮೊದಲ ಅಂತಸ್ತು. ಯಾರೋ ಇದನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರೆ ಮೊದಲ ಸೊನ್ನೆ ಹಾರಿಹೋಗಿ 260482 ಆಗುತ್ತದೆ, ಎಡದಿಂದ ಓದುವ ತಂತ್ರಾಂಶ ಬೇ 260 ಎಂದುಕೊಳ್ಳುತ್ತದೆ. ಆರು ಅಂಕಿ ಬಂದರೆ ಊಹಿಸಿ ಸೊನ್ನೆ ಸೇರಿಸುವುದಕ್ಕಿಂತ ಹಿಂದಕ್ಕೆ ಕಳಿಸುವುದು ಲೇಸು. ಆ ಫೈಲಿನಲ್ಲಿ ಬೇರೆ ಅಂಕಣಗಳೂ ಕೆಟ್ಟಿರುವ ಸಾಧ್ಯತೆ ಹೆಚ್ಚು.

ಸಮಯಕ್ಕೆ ಬರೋಣ. ಎಡಿಫ್ಯಾಕ್ಟ್‌ನ 203 ರೂಪದಲ್ಲಿ ವರ್ಷದಿಂದ ನಿಮಿಷದ ತನಕ 12 ಅಂಕಿ ಇರುತ್ತದೆ, ಯಾವ ದೇಶದ ಗಡಿಯಾರ ಎಂಬುದು ಇರುವುದಿಲ್ಲ. 205 ರೂಪದಲ್ಲಿ ಯುಟಿಸಿಯಿಂದ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಎಷ್ಟು ವ್ಯತ್ಯಾಸ ಎಂಬುದೂ ಬರುತ್ತದೆ. 203 ಕಳಿಸುವವರು ಇದ್ದೇ ಇರುತ್ತಾರೆ, ಆದ್ದರಿಂದ ಪ್ರತಿ ಸಂಪರ್ಕಕ್ಕೂ ಅದು ಯುಟಿಸಿಯೋ ಬಂದರಿನ ಸ್ಥಳೀಯ ಸಮಯವೋ ಎಂದು ದಾಖಲಿಸಿ, ಒಳಗೆ ಎಲ್ಲವನ್ನೂ ಯುಟಿಸಿಗೆ ತಿರುಗಿಸಿ ಇಡಬೇಕು. ಪ್ರತಿ ಘಟನೆಗೂ ಎರಡು ಸಮಯ: ಅದು ನಡೆದದ್ದು ಯಾವಾಗ, ಸಂದೇಶ ನಮಗೆ ತಲುಪಿದ್ದು ಯಾವಾಗ. ಕಂಟೇನರಿನ ಈಗಿನ ಸ್ಥಿತಿಯನ್ನು ನಡೆದ ಸಮಯದ ಕ್ರಮದಲ್ಲಿ ಲೆಕ್ಕ ಹಾಕಬೇಕು. ತಲುಪಿದ ಕ್ರಮದಲ್ಲಿ ಹಾಕಿದರೆ, ತಡವಾಗಿ ಬಂದ ಇಳಿಸುವಿಕೆಯ ಸಂದೇಶ ಆಗಲೇ ಗೇಟು ದಾಟಿ ಹೋದ ಕಂಟೇನರನ್ನು ಮತ್ತೆ ಯಾರ್ಡಿಗೆ ತಂದು ಕೂರಿಸುತ್ತದೆ, ಬಾಡಿಗೆ ಬಿಲ್ಲೂ ಓಡತೊಡಗುತ್ತದೆ. ಒಂದೇ ಸಂದೇಶ ಎರಡು ಸಲ ಬರುವುದು ಮಾಮೂಲು. ಕಳಿಸಿದವರು, ದಾಖಲೆ ಸಂಖ್ಯೆ, ಕಂಟೇನರ್, ಘಟನೆ, ಸಮಯ ಈ ಐದೂ ಒಂದೇ ಆಗಿದ್ದರೆ ಎರಡನೆಯದನ್ನು ಸದ್ದಿಲ್ಲದೆ ಬದಿಗಿಡಿ.

ಹಡಗಿನ ಅಂದಾಜು ಸಮಯದಲ್ಲಿ ಯಾವ ಜಾಗಕ್ಕೆ ಎಂಬುದೂ ಬೇಕು. ಪೈಲಟ್ ಹತ್ತುವ ಜಾಗಕ್ಕೆ ಆರು ಗಂಟೆ ಎಂಬುದೂ ಬರ್ತಿಗೆ ಆರು ಗಂಟೆ ಎಂಬುದೂ ಬೇರೆ ಬೇರೆ. ನಡುವೆ ಕಾಲುವೆ, ಹಡಗನ್ನು ಎಳೆಯುವ ಟಗ್ಗು ದೋಣಿ, ಉಬ್ಬರವಿಳಿತ ಎಲ್ಲ ಬರುತ್ತವೆ. ಕ್ರೇನ್ ತಂಡವನ್ನು ತಪ್ಪು ಗಂಟೆಗೆ ಕರೆಸುವುದು ಹೆಚ್ಚಾಗಿ ಇಲ್ಲಿಂದಲೇ. ಯೋಜಿತ, ಅಂದಾಜು, ಕೋರಿದ, ನಿಜವಾಗಿ ನಡೆದ ಎಂಬ ನಾಲ್ಕನ್ನೂ ಬೇರೆ ಬೇರೆಯಾಗಿ ಇಡಿ, ಒಂದು ಬಂದಾಗ ಇನ್ನೊಂದನ್ನು ಅಳಿಸಬೇಡಿ.

ತೂಕ ಮತ್ತು ತಂಪಿನ ಬಗ್ಗೆ ಎರಡೇ ಮಾತು. 2016ರ ಜುಲೈ 1ರಿಂದ ಸೋಲಾಸ್ (ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮದಂತೆ ಪರಿಶೀಲಿತ ಒಟ್ಟು ತೂಕ ಇಲ್ಲದೆ ತುಂಬಿದ ಕಂಟೇನರನ್ನು ಹಡಗಿಗೆ ಹತ್ತಿಸುವಂತಿಲ್ಲ. ಕಿಲೊಗೆ ಬದಲು ಪೌಂಡ್ ಬರುವುದು, ಖಾಲಿ ಕಂಟೇನರಿನ ತೂಕ ಸೇರಿಸದೆ ಸರಕಿನದಷ್ಟೇ ಬರುವುದು ಸಾಮಾನ್ಯ. ಒಂದೇ ಟ್ರೈಲರ್ ಮೇಲೆ ಎರಡು 20 ಅಡಿಯವು ಬಂದರೆ ಒಮ್ಮೆ ತೂಕದ ಸೇತುವೆ (ವೇಬ್ರಿಜ್) ಮೇಲೆ ನಿಲ್ಲಿಸಿ ತೂಗಿದ ತೂಕದಿಂದ ಎರಡರದನ್ನೂ ಬೇರ್ಪಡಿಸಲಾಗದು. ತಂಪು ಕಂಟೇನರಿನಲ್ಲಿ ಮೈನಸ್ ಚಿಹ್ನೆ ಕಳೆದುಹೋಗಿ 18 ಡಿಗ್ರಿ ಮಾತ್ರ ಉಳಿಯುತ್ತದೆ. ಚಿಹ್ನೆ ಇಲ್ಲದ ಅಂಕಿ ಬಂದರೆ ಸರಕಿನ ವಿವರ ನೋಡಿ ಖಚಿತಪಡಿಸುವ ತನಕ ಪ್ಲಗ್ ಪಟ್ಟಿಗೆ (ವಿದ್ಯುತ್ ಕೊಡಬೇಕಾದ ತಂಪು ಕಂಟೇನರುಗಳ ಪಟ್ಟಿ) ಬಿಡಬಾರದು.

ಆಮದು ಕಂಟೇನರ್ ಹೊರಗೆ ಬಿಡುವುದು ಇಡೀ ವ್ಯವಸ್ಥೆಯ ಗಂಟಲು. ನಾಲ್ಕು ಒಪ್ಪಿಗೆ ಬೇಕು: ಹಡಗಿನಿಂದ ಇಳಿದಿದೆ, ಲೈನು ಬಿಟ್ಟಿದೆ, ಕಸ್ಟಮ್ಸ್ ಬಿಟ್ಟಿದೆ, ಟರ್ಮಿನಲ್ ಬಾಕಿ ಕಟ್ಟಿದೆ. ನಾಲ್ಕನ್ನೂ ಕೂಡಿಸಿ ಒಂದೇ ಹಸಿರು ದೀಪ ತೋರಿಸುವುದು ಚೆಂದ ಕಾಣುತ್ತದೆ, ಆದರೆ ಕೆಂಪು ಇದ್ದಾಗ ಯಾರನ್ನು ಕೇಳಬೇಕೆಂದು ತಿಳಿಯುವುದಿಲ್ಲ. ನಾಲ್ಕೂ ಬೇರೆ ಬೇರೆ ಕಾಣಲಿ, ಪ್ರತಿಯೊಂದೂ ಕೊನೆಯ ಬಾರಿ ಬದಲಾದ ಸಮಯ ಪಕ್ಕದಲ್ಲಿರಲಿ. ಬಿಟ್ಟದ್ದನ್ನು ಹಿಂಪಡೆಯುವ ಹಾದಿಯೂ ಬೇಕು. ಕಸ್ಟಮ್ಸ್ ಬಿಟ್ಟ ಮೇಲೆ ಸ್ಕ್ಯಾನಿಂಗಿಗೆ ಮತ್ತೆ ಕರೆಯಬಹುದು, ಲಾರಿ ಅಷ್ಟರಲ್ಲಿ ಗೇಟಿನಲ್ಲಿರಬಹುದು. ಗೇಟು ತೆರೆಯುವ ಕ್ಷಣದಲ್ಲಿ ಮತ್ತೊಮ್ಮೆ ಕೇಳಿ ನೋಡುವ ಪ್ರಶ್ನೆ ಅದಕ್ಕಾಗಿಯೇ.

ಗೇಟಿನಲ್ಲಿ ಹೇಳಿದವರಿಗೆ ಕಂಟೇನರ್ ಕೊಡುವ ಪಿನ್ ಸಂಖ್ಯೆಯ ಪದ್ಧತಿಯನ್ನು ನಾನು ಹೊಸದಾಗಿ ಎಲ್ಲಿಯೂ ಹಾಕುವುದಿಲ್ಲ. ಇಮೇಲಿನಲ್ಲಿ ಲೈನಿನಿಂದ ಫಾರ್ವರ್ಡರಿಗೆ, ಅವರಿಂದ ಲಾರಿ ಕಂಪನಿಗೆ, ಅಲ್ಲಿಂದ ಚಾಲಕರ ಫೋನಿಗೆ ಹೋಗುವ ಸಂಖ್ಯೆಯನ್ನು ದಾರಿಯಲ್ಲಿ ಯಾರು ಬೇಕಾದರೂ ನಕಲು ಮಾಡಬಹುದು. ಆಂಟ್ವರ್ಪ್, ಹ್ಯಾಂಬರ್ಗ್, ರಾಟರ್‌ಡ್ಯಾಮ್ ಬಂದರುಗಳಲ್ಲಿ ಮಾದಕ ವಸ್ತು ಸಾಗಿಸುವ ಜಾಲಗಳು ಇಂಥ ಸಂಖ್ಯೆ ಕದ್ದು ಕಂಟೇನರನ್ನೇ ಎತ್ತಿಕೊಂಡು ಹೋಗುವುದನ್ನು ಯುರೋಪಿಯನ್ ಒಕ್ಕೂಟದ ಪೊಲೀಸ್ ಸಂಸ್ಥೆ ಯೂರೋಪೋಲ್ 2023ರ ವರದಿಯಲ್ಲಿ ವಿವರಿಸಿದೆ. ಬದಲಿಗೆ ಎತ್ತುವ ಹಕ್ಕನ್ನು ವ್ಯವಸ್ಥೆಯೊಳಗೇ ಹೆಸರಿನಿಂದ ಹೆಸರಿಗೆ ದಾಟಿಸಬೇಕು: ಲೈನು ಫಾರ್ವರ್ಡರಿಗೆ, ಫಾರ್ವರ್ಡರ್ ಲಾರಿ ಕಂಪನಿಗೆ, ಅದು ನಿರ್ದಿಷ್ಟ ಚಾಲಕರಿಗೆ. ದಾಟಿಸಿದವರ ಕೈಯಲ್ಲಿ ಹಕ್ಕು ಉಳಿಯಬಾರದು. ಲಾರಿ ಕಂಪನಿಗೆ ಕಂಟೇನರ್, ಸ್ಲಾಟ್ (ಲಾರಿ ಬರಬೇಕಾದ ನಿಗದಿತ ಹೊತ್ತು), ಹೌದು ಅಥವಾ ಇಲ್ಲ, ಇಷ್ಟೇ ಕಂಡರೆ ಸಾಕು; ಒಳಗೆ ಏನಿದೆ, ಯಾರಿಗೆ ಸೇರಿದ್ದು ಎಂಬುದು ಬೇಡ. ನೋಡಿದ್ದಕ್ಕೂ ದಾಖಲೆ ಇಡಿ. ತನ್ನ ಕೆಲಸಕ್ಕೆ ಸಂಬಂಧವಿಲ್ಲದ ಕಂಟೇನರುಗಳನ್ನು ಒಂದೇ ಖಾತೆ ಸಾಲುಸಾಲಾಗಿ ಹುಡುಕುತ್ತಿದ್ದರೆ ಆ ಖಾತೆಯನ್ನು ಅಂದೇ ನಿಲ್ಲಿಸಿ ವಿಚಾರಿಸಬೇಕು.

ಲಾರಿ ಸ್ಲಾಟಿನ ಸಂಖ್ಯೆಯನ್ನು ಟರ್ಮಿನಲ್ ನಿರ್ಧರಿಸಬೇಕು, ಅದೂ ಯಾರ್ಡಿನ ಬ್ಲಾಕಿನ (ಯಾರ್ಡಿನ ಒಂದು ಭಾಗ) ಲೆಕ್ಕದಲ್ಲಿ. ಒಂದು ಬ್ಲಾಕಿನ ಕ್ರೇನ್ ಗಂಟೆಗೆ 12 ಲಾರಿ ಮುಗಿಸಬಲ್ಲದು ಎಂದಿಟ್ಟುಕೊಳ್ಳಿ. ಅದೇ ಹೊತ್ತಿನಲ್ಲಿ ಹಡಗಿಗೂ ಅಲ್ಲಿಂದಲೇ ಕಂಟೇನರ್ ಹೋಗುತ್ತಿದ್ದರೆ ಆರೇ ಸ್ಲಾಟ್ ತೆರೆಯಬೇಕು. ಗೇಟಿನ ಒಟ್ಟು ಸಾಮರ್ಥ್ಯ ನೋಡಿ ಹಂಚಿದರೆ ಗೇಟಿನ ಸಾಲು ಕರಗಿ ಅದೇ ಸಾಲು ಬ್ಲಾಕಿನ ಮುಂದೆ ನಿಲ್ಲುತ್ತದೆ. ಕಂಟೇನರ್ ಸಂಖ್ಯೆ ಇಲ್ಲದೆ ಸ್ಲಾಟ್ ಕೊಟ್ಟರೆ ದೊಡ್ಡ ಲಾರಿ ಕಂಪನಿಗಳು ಬೆಳಗಿನ ಗಂಟೆಗಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತವೆ. ಸಂಖ್ಯೆ ಕಡ್ಡಾಯ ಮಾಡಿದರೆ, ಕಸ್ಟಮ್ಸ್ ಒಪ್ಪಿಗೆ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ. ನನ್ನ ಆಯ್ಕೆ ಎರಡನೆಯದೇ, ಆದರೆ ರಫ್ತಿನ ಕಂಟೇನರ್ ಇಳಿಸಿ ಆಮದಿನದನ್ನು ಎತ್ತಿಕೊಂಡು ಹೋಗುವ ಜೋಡಿ ಸುತ್ತಿಗೆ ಸ್ಲಾಟುಗಳಲ್ಲಿ ಒಂದು ಪಾಲು ಮೀಸಲಿಟ್ಟು.

ಇಷ್ಟೆಲ್ಲ ಒಂದೇ ಕಡೆ ಸೇರಿದ ಮೇಲೆ ಅದು ನಿಂತರೆ ಎಲ್ಲವೂ ನಿಲ್ಲುತ್ತದೆ. 2023ರ ಜುಲೈ 4ರಂದು ಜಪಾನಿನ ನಗೋಯಾ ಬಂದರಿನಲ್ಲಿ ಟರ್ಮಿನಲ್‌ಗಳು ಹಂಚಿಕೊಂಡಿದ್ದ ವ್ಯವಸ್ಥೆಗೆ ರ‍್ಯಾನ್ಸಮ್‌ವೇರ್ (ಕಂಪ್ಯೂಟರಿನ ಮಾಹಿತಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ದಾಳಿಯಾಗಿ ಕಂಟೇನರ್ ಕೆಲಸ ಜುಲೈ 6ರ ತನಕ ನಿಂತಿತ್ತು. ಅದಕ್ಕೆ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಬಿಡುಗಡೆ ಪಟ್ಟಿಯ ನಕಲು ಪ್ರತಿ ಟರ್ಮಿನಲ್‌ಗೂ ಹೋಗಿ ಅಲ್ಲೇ ಕೂರುವಂತೆ ಮಾಡುತ್ತೇವೆ. ಸಂಪರ್ಕ ಹೋದರೆ ಗೇಟು ಆ ಪಟ್ಟಿಯ ಮೇಲೆ ನಡೆಯುತ್ತದೆ, ಪಟ್ಟಿಯ ವಯಸ್ಸು ನಾಲ್ಕು ಗಂಟೆ ಮೀರಿದರೆ ಆಮದು ಬಿಡುವುದು ನಿಲ್ಲಿಸಿ ರಫ್ತು ಮತ್ತು ಖಾಲಿ ಮಾತ್ರ ತೆಗೆದುಕೊಳ್ಳುತ್ತದೆ. ಕೈಬರಹದ ಗೇಟ್ ಚೀಟಿಗೆ ಐದೇ ಅಂಕಣ: ಕಂಟೇನರ್, ಲಾರಿ, ಸೀಲ್, ಒಳಗೋ ಹೊರಗೋ, ಗಡಿಯಾರದ ಸಮಯ. ವ್ಯವಸ್ಥೆ ಮರಳಿದಾಗ ಮೊದಲು ಹೊರಗೆ ಹೋದವನ್ನು ತುಂಬಬೇಕು, ಆಮೇಲೆ ಒಳಬಂದವು, ಕೊನೆಗೆ ಯಾರ್ಡಿನ ಜಾಗ. ಸಮಯ ಚೀಟಿಯದೇ ಇರಬೇಕು, ಮೂಲ ಎಂಬಲ್ಲಿ ಕೈಯಿಂದ ಎಂದು ಗುರುತಿರಬೇಕು. ಇದೆಲ್ಲ ತುಂಬಿ ತಾಳೆ ನೋಡುವ ತನಕ ಹೊರಗಿನವರ ಸಂದೇಶಗಳನ್ನು ಸಾಲಿನಲ್ಲಿ ಹಿಡಿದಿಡಿ. ಇಲ್ಲದಿದ್ದರೆ ಕೂಡಿಬಿದ್ದ ಹಳೆಯ ಸಂದೇಶಗಳೂ ಕೈಬರಹದ ದಾಖಲೆಗಳೂ ಒಂದೇ ಹೊತ್ತಿಗೆ ನುಗ್ಗಿ, ಯಾವ ಕಂಟೇನರ್ ನಿಜಕ್ಕೂ ಯಾರ್ಡಿನಲ್ಲಿದೆ ಎಂದು ತಿಳಿಯಲು ಬ್ಲಾಕ್ ಬ್ಲಾಕ್ ಸುತ್ತಿ ಎಣಿಸಬೇಕಾಗುತ್ತದೆ.