ಅಮೆರಿಕದಲ್ಲಿ ಮಕ್ಕಳ ಸಾಕರ್ ಟೀಮಿಗೆ ಕೋಚ್ ಆಗೋದು ಹೇಗೆ: ಕ್ರಿಕೆಟ್ ಬಿಟ್ಟು ಬೇರೇನೂ ಆಡದ ಅಪ್ಪ ಅಮ್ಮಂದಿರಿಗೆ

ಆಗಸ್ಟ್ ಬಂತು ಅಂದರೆ ಒಂದು ಇಮೇಲ್ ಬರುತ್ತದೆ. ನಿಮ್ಮ ಮಗುವಿನ ಟೀಮಿಗೆ ಇನ್ನೂ ಕೋಚ್ ಸಿಕ್ಕಿಲ್ಲ, ಯಾರೂ ಮುಂದೆ ಬರದಿದ್ದರೆ ಟೀಮೇ ಇರುವುದಿಲ್ಲ ಅಂತ. ನಾಲ್ಕೈದು ದಿನ ಎಲ್ಲರೂ ಅದನ್ನು ಓದೇ ಇಲ್ಲ ಅನ್ನುವ ಹಾಗೆ ಇರುತ್ತಾರೆ. ಆಮೇಲೆ ಯಾರೋ ಒಬ್ಬರು ಸೋಲುತ್ತಾರೆ. ನಾಲ್ಕು ವರ್ಷದ ಹಿಂದೆ ಸೋತವನು ನಾನು. ಮಗಳಿಗೆ ಆಗ ಆರು ವರ್ಷ. ನಾನು ದಾವಣಗೆರೆಯಲ್ಲಿ ಟೆನ್ನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನು. ಚೆಂಡು ಕಾಲಿಗೆ ತಾಗಿದರೆ ಎಲ್‌ಬಿಡಬ್ಲ್ಯೂ ಅಂತ ಕೂಗಬೇಕು ಅನ್ನುವುದು ಬಿಟ್ಟರೆ ಕಾಲಿಗೂ ಚೆಂಡಿಗೂ ಇರುವ ಸಂಬಂಧ ನನಗೆ ಗೊತ್ತಿರಲಿಲ್ಲ. (ನಮ್ಮ ಗಲ್ಲಿಯಲ್ಲಿ ಎಲ್‌ಬಿಡಬ್ಲ್ಯೂ ಕೊಡುತ್ತಲೇ ಇರಲಿಲ್ಲ, ಆದರೂ ಕೂಗುತ್ತಿದ್ದೆವು.)

ಇಲ್ಲಿ ಬರೆದಿರುವುದು ರೆಕ್ ಲೀಗ್ (ಹೆಸರು ಕೊಟ್ಟ ಮಕ್ಕಳೆಲ್ಲ ಖುಷಿಗೆ ಆಡುವ ಲೀಗ್) ಬಗ್ಗೆ, ಐದರಿಂದ ಹತ್ತು ವರ್ಷದ ಮಕ್ಕಳ ಬಗ್ಗೆ. ದುಡ್ಡು ಕೊಟ್ಟು ಟ್ರಯಲ್ಸ್ ಮಾಡಿ ಸೇರಿಸಿಕೊಳ್ಳುವ ಟ್ರಾವೆಲ್ ಟೀಮುಗಳ ಕಥೆ ಬೇರೆ, ಅಲ್ಲಿ ಲೈಸೆನ್ಸ್ ಇರುವ, ಸಂಬಳ ತಗೊಳ್ಳುವ ಕೋಚ್‌ಗಳು ಇರುತ್ತಾರೆ.

ಮೊದಲು ಕಾಗದಪತ್ರ

ನಿಮಗೆ ಆಟ ಬರುತ್ತಾ ಅಂತ ಯಾರೂ ಕೇಳುವುದಿಲ್ಲ. ಮಕ್ಕಳನ್ನು ನಿಮ್ಮ ಕೈಗೆ ಒಪ್ಪಿಸಬಹುದಾ ಅನ್ನುವುದನ್ನು ಮಾತ್ರ ನೋಡುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಮೂರು ಕೆಲಸ: ಬ್ಯಾಕ್‌ಗ್ರೌಂಡ್ ಚೆಕ್, ಸೇಫ್‌ಸ್ಪೋರ್ಟ್ ಟ್ರೈನಿಂಗ್ (ಆಟದಲ್ಲಿ ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಬಗ್ಗೆ), ತಲೆಪೆಟ್ಟಿನ ಬಗ್ಗೆ ಒಂದು ಕೋರ್ಸ್. ಮೂರೂ ಆನ್‌ಲೈನ್. ಸೀಸನ್ ಶುರುವಾಗುವ ಹಿಂದಿನ ರಾತ್ರಿ ಮಾಡುತ್ತೇನೆ ಅಂತ ಬಿಡಬೇಡಿ. ಬ್ಯಾಕ್‌ಗ್ರೌಂಡ್ ಚೆಕ್ ಮುಗಿಯಲು ದಿನಗಳೇ ಹಿಡಿಯಬಹುದು, ಅದು ಮುಗಿಯದೆ ನಿಮ್ಮನ್ನು ಮೈದಾನಕ್ಕೆ ಬಿಡುವುದಿಲ್ಲ. ಬಿಡಬಾರದು ಕೂಡ.

ಸೇಫ್‌ಸ್ಪೋರ್ಟ್ ಕೋರ್ಸ್ ಸುಮಾರು ಒಂದೂವರೆ ಗಂಟೆ. ಅದನ್ನು ಹಿನ್ನೆಲೆಯಲ್ಲಿ ಓಡಿಸಿ ಪಾತ್ರೆ ತೊಳೆಯುತ್ತಾ ಮುಗಿಸುವವರಿದ್ದಾರೆ. ನೀವು ಹಾಗೆ ಮಾಡಬೇಡಿ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ಡಾಕ್ಟರ್ ಲ್ಯಾರಿ ನಾಸರ್ ನೂರಾರು ಹುಡುಗಿಯರ ಮೇಲೆ ನಡೆಸಿದ ದೌರ್ಜನ್ಯ ಹೊರಬಿದ್ದ ಮೇಲೆ, 2018ರ ಫೆಬ್ರವರಿಯಲ್ಲಿ ಈ ಬಗ್ಗೆ ಫೆಡರಲ್ ಕಾನೂನು ಬಂತು. ಅದರ ಪ್ರಕಾರ ಮಗುವಿನ ಮೇಲೆ ದೌರ್ಜನ್ಯ ಆಗುತ್ತಿದೆ ಅನ್ನುವ ಅನುಮಾನ ಬಂದರೆ ನೀವು 24 ಗಂಟೆಯೊಳಗೆ ಪೊಲೀಸರಿಗೋ ಮಕ್ಕಳ ರಕ್ಷಣಾ ಇಲಾಖೆಗೋ ತಿಳಿಸಬೇಕು. ಸಂಬಳ ಇಲ್ಲದ ಕೋಚ್‌ಗೂ ಇದು ಅನ್ವಯಿಸುತ್ತದೆ. ಕ್ಲಬ್ಬಿನವರಿಗೆ ಹೇಳಿದೆ, ನನ್ನ ಕೆಲಸ ಮುಗೀತು ಅಂದರೆ ನಡೆಯುವುದಿಲ್ಲ. ಬೇರೆಯವರ ಮನೆ ವಿಷಯ ನಮಗ್ಯಾಕೆ ಅಂತ ಸುಮ್ಮನಿರುವುದು ನಮ್ಮಲ್ಲಿ ಅನೇಕರಿಗೆ ಅಭ್ಯಾಸ ಆಗಿಬಿಟ್ಟಿದೆ, ನನಗೂ ಇತ್ತು. ಕೋಚ್ ಆದ ದಿನದಿಂದ ಅದನ್ನು ಬಿಡಬೇಕು.

ಇದರಿಂದಲೇ ಬರುವ ಇನ್ನೊಂದು ನಿಯಮ: ಬೇರೆಯವರ ಮಗುವಿನ ಜೊತೆ ನೀವೊಬ್ಬರೇ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಇರಬಾರದು. ಕೇಳಲು ಸುಲಭ. ಆದರೆ ಒಂದು ಅಕ್ಟೋಬರ್ ಸಂಜೆ ಪ್ರಾಕ್ಟೀಸ್ ಮುಗಿದು, ಎಲ್ಲರೂ ಹೊರಟು, ಒಬ್ಬ ಹುಡುಗನ ಮನೆಯವರು ಮಾತ್ರ ಬಂದಿಲ್ಲ. ಕತ್ತಲಾಗುತ್ತಿದೆ, ಚಳಿ ಬೇರೆ. ಫೋನ್ ಎತ್ತುತ್ತಿಲ್ಲ. ಊರಲ್ಲಾದರೆ "ಬಾ ಮರಿ, ಮನೆಗೆ ಬಿಡ್ತೀನಿ" ಅಂತ ಗಾಡಿ ಹತ್ತಿಸುತ್ತಿದ್ದೆವು, ಅಲ್ವಾ? ಇಲ್ಲಿ ಹಾಗೆ ಮಾಡುವಂತಿಲ್ಲ. ನಾನು ಇನ್ನೊಬ್ಬ ಅಮ್ಮನನ್ನು ಸ್ವಲ್ಪ ಇರಿ ಅಂತ ಕೇಳಿಕೊಂಡು, ನಾವಿಬ್ಬರೂ ಮಕ್ಕಳ ಜೊತೆ ದೀಪದ ಕಂಬದ ಕೆಳಗೆ ನಲವತ್ತು ನಿಮಿಷ ನಿಂತೆವು. ಅವತ್ತಿನಿಂದ ಸೀಸನ್ ಶುರುವಿನಲ್ಲೇ ಹೇಳಿಬಿಡುತ್ತೇನೆ: ಪ್ರತಿ ಪ್ರಾಕ್ಟೀಸಿಗೂ ನನ್ನ ಜೊತೆ ಒಬ್ಬರು ಕೊನೆಯವರೆಗೆ ಇರಬೇಕು, ಸರದಿ ಹಾಕಿ ಕೊಡುತ್ತೇನೆ. ಮೆಸೇಜ್ ಕೂಡ ಅಷ್ಟೇ, ಮಕ್ಕಳಿಗೆ ನೇರವಾಗಿ ಕಳಿಸಬೇಡಿ, ಅಪ್ಪ ಅಮ್ಮ ಇರುವ ಗ್ರೂಪಿಗೆ ಹಾಕಿ.

ಆಟ ಕಲಿಯಬೇಕು ಅನ್ನಿಸಿದರೆ ಯು.ಎಸ್. ಸಾಕರ್ ಫೆಡರೇಶನ್‌ನ ಗ್ರಾಸ್‌ರೂಟ್ಸ್ ಕೋರ್ಸ್‌ಗಳಿವೆ. ನಿಮ್ಮ ಟೀಮಿನ ವಯಸ್ಸಿಗೆ ಸರಿಹೊಂದುವುದನ್ನು ಆರಿಸಿ. ಯೂಟ್ಯೂಬ್‌ನಲ್ಲಿ ಬಾರ್ಸಿಲೋನಾ ಟೀಮಿನ ಡ್ರಿಲ್ ನೋಡಿ ಆರು ವರ್ಷದವರ ಮೇಲೆ ಪ್ರಯೋಗ ಮಾಡಬೇಡಿ. ನಾನು ಮಾಡಿದ್ದೆ. ಒಬ್ಬಳು ಹುಲ್ಲು ಕಿತ್ತು ಹಾರ ಮಾಡುತ್ತಾ ಕೂತಳು, ಇಬ್ಬರು ಕೋನ್‌ಗಳನ್ನು ತಲೆಗೆ ಟೋಪಿ ಹಾಕಿಕೊಂಡು ಓಡಾಡಿದರು.

ಚೆಂಡು, ಮೈದಾನ, ವಯಸ್ಸು

ಎಂಟು ವರ್ಷದೊಳಗಿನವರಿಗೆ 3ನೇ ಸೈಜಿನ ಚೆಂಡು, ಅಲ್ಲಿಂದ ಹನ್ನೆರಡರವರೆಗೆ 4, ಆಮೇಲೆ 5. ಚಿಕ್ಕವರು ನಾಲ್ಕು ನಾಲ್ಕು ಜನ ಆಡುತ್ತಾರೆ, ಗೋಲ್‌ಕೀಪರ್ ಇರುವುದಿಲ್ಲ. ಯು10ರಲ್ಲಿ, ಅಂದರೆ ಹತ್ತು ವರ್ಷದೊಳಗಿನವರಲ್ಲಿ, ಏಳು ಏಳು ಜನ, ಗೋಲ್‌ಕೀಪರ್ ಬರುತ್ತಾರೆ. ಯು12ಕ್ಕೆ ಒಂಬತ್ತು, ಹನ್ನೊಂದು ಜನರ ಪೂರ್ತಿ ಆಟ ಅದಾದ ಮೇಲೆ. ಜನ ಕಮ್ಮಿ ಇದ್ದರೆ ಪ್ರತಿ ಮಗುವಿಗೂ ಚೆಂಡು ಜಾಸ್ತಿ ಸಿಗುತ್ತದೆ ಅನ್ನುವುದೇ ಲೆಕ್ಕ.

ವಯಸ್ಸಿನ ಗುಂಪಿನ ಬಗ್ಗೆ ಒಂದು ಮಾತು. ಹುಟ್ಟಿದ ಇಸವಿ ನೋಡಿ ಗುಂಪು ಮಾಡುವ ಪದ್ಧತಿಯನ್ನು ದೊಡ್ಡ ಸಂಸ್ಥೆಗಳು 2026-27ರ ಸೀಸನ್‌ನಿಂದ ಬಿಡುತ್ತಿವೆ. ಇನ್ನು ಮುಂದೆ ಆಗಸ್ಟ್ 1ರಿಂದ ಜುಲೈ 31ರ ಲೆಕ್ಕ. ಸ್ಕೂಲಿನಲ್ಲಿ ಒಂದೇ ಕ್ಲಾಸಿನಲ್ಲಿರುವವರು ಒಂದೇ ಟೀಮಿಗೆ ಬರಲಿ ಅಂತ.

ಗೋಲ್ ಪೋಸ್ಟ್ ನೆಲಕ್ಕೆ ಗಟ್ಟಿಯಾಗಿ ಕಟ್ಟಿದೆಯಾ ಅಂತ ಪ್ರತಿ ಸಲ ಅಲುಗಾಡಿಸಿ ನೋಡಿ, ಅದಕ್ಕೆ ಜೋತುಬೀಳಲು ಯಾರನ್ನೂ ಬಿಡಬೇಡಿ. ಪೋಸ್ಟ್ ಮಗುಚಿ ಬಿದ್ದು ಈ ದೇಶದಲ್ಲಿ ಮಕ್ಕಳು ಸತ್ತಿದ್ದಾರೆ. ಶಿನ್ ಗಾರ್ಡ್ (ಮೊಣಕಾಲ ಕೆಳಗೆ ಮುಂದುಗಡೆ ಕಟ್ಟುವ ರಕ್ಷಾ ಪಟ್ಟಿ) ಇಲ್ಲದವರನ್ನು ಆಡಿಸಬೇಡಿ, ಒಂದು ಹೆಚ್ಚುವರಿ ಜೊತೆ ನಿಮ್ಮ ಚೀಲದಲ್ಲಿರಲಿ. ಗುಡುಗು ಕೇಳಿತು ಅಂದರೆ ಆಟ ನಿಲ್ಲಿಸಿ ಎಲ್ಲರನ್ನೂ ಕಾರಿಗೋ ಕಟ್ಟಡದೊಳಗೋ ಕಳಿಸಿ. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಆಗುವವರೆಗೆ ಹೊರಗೆ ಬರುವಂತಿಲ್ಲ. ಇಪ್ಪತ್ತೊಂಬತ್ತನೇ ನಿಮಿಷಕ್ಕೆ ಮತ್ತೆ ಗುಡುಗಿದರೆ ಮತ್ತೆ ಮೊದಲಿಂದ ಎಣಿಸಬೇಕು.

ತಲೆಪೆಟ್ಟು

ಇದರಲ್ಲಿ ಮುಲಾಜು ನೋಡಬೇಡಿ. ಅಮೆರಿಕದಲ್ಲಿ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರು ತಲೆಯಿಂದ ಚೆಂಡು ಹೊಡೆಯುವಂತಿಲ್ಲ. ಆಟದಲ್ಲೂ ಇಲ್ಲ, ಪ್ರಾಕ್ಟೀಸಿನಲ್ಲೂ ಇಲ್ಲ. ಯು.ಎಸ್. ಸಾಕರ್ 2015ರಲ್ಲಿ ತಂದ ನಿಯಮ ಇದು. ಬೇಕಂತಲೇ ಹೊಡೆದರೆ ಎದುರು ಟೀಮಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್, ಅಂದರೆ ನೇರವಾಗಿ ಗೋಲು ಹೊಡೆಯಲಾಗದ ಫ್ರೀ ಕಿಕ್.

ಆದರೂ ಡಿಕ್ಕಿ ಆಗುತ್ತದೆ, ಬೀಳುತ್ತಾರೆ, ಹತ್ತಿರದಿಂದ ಒದ್ದ ಚೆಂಡು ಮುಖಕ್ಕೆ ಬಡಿಯುತ್ತದೆ. ತಲೆಗೆ ಪೆಟ್ಟಾದ ಮೇಲೆ ಮಗು ಮಂಕಾಗಿದೆ, ತಲೆನೋವು ಅನ್ನುತ್ತಿದೆ, ವಾಂತಿ ಬರುವ ಹಾಗಿದೆ, ಸ್ಕೋರ್ ಎಷ್ಟು ಅಂದರೆ ತಡವರಿಸುತ್ತಿದೆ, ಇದರಲ್ಲಿ ಒಂದು ಕಂಡರೂ ಆವತ್ತಿಗೆ ಆಟ ಮುಗೀತು. ವಾಂತಿ ನಿಲ್ಲದಿದ್ದರೆ, ತಲೆನೋವು ಏರುತ್ತಾ ಹೋದರೆ, ಎಬ್ಬಿಸಿದರೂ ಏಳದಿದ್ದರೆ 911ಕ್ಕೆ ಕರೆ ಮಾಡಿ, ಯೋಚನೆ ಮಾಡುತ್ತಾ ನಿಲ್ಲಬೇಡಿ. ಪ್ರಜ್ಞೆ ತಪ್ಪಿದರೆ ಮಾತ್ರ ಗಂಭೀರ ಅನ್ನುವುದು ತಪ್ಪು ತಿಳುವಳಿಕೆ, ಎಷ್ಟೋ ಸಲ ಪ್ರಜ್ಞೆ ತಪ್ಪುವುದೇ ಇಲ್ಲ. ಒಮ್ಮೆ ಒಬ್ಬ ಅಪ್ಪ "ಏನೂ ಆಗಿಲ್ಲ, ಒಳಗೆ ಕಳಿಸಿ, ಇದು ಸೆಮಿಫೈನಲ್" ಅಂತ ನನ್ನ ಮೇಲೆ ರೇಗಾಡಿದರು. ನಾನು ಕಳಿಸಲಿಲ್ಲ. ಕೊನೆಯವರೆಗೂ ಮಾತಾಡಲಿಲ್ಲ ಅವರು. ಪರವಾಗಿಲ್ಲ.

ವಾಷಿಂಗ್ಟನ್ ರಾಜ್ಯದಲ್ಲಿ 2006ರಲ್ಲಿ ಝ್ಯಾಕರಿ ಲಿಸ್ಟೆಟ್ ಅನ್ನುವ 13 ವರ್ಷದ ಹುಡುಗನಿಗೆ ಅಮೆರಿಕನ್ ಫುಟ್‌ಬಾಲ್ ಆಡುವಾಗ ತಲೆಗೆ ಪೆಟ್ಟಾಯಿತು. ಅದೇ ಪಂದ್ಯದಲ್ಲಿ ಮತ್ತೆ ಆಡಲು ಇಳಿದ, ಪಂದ್ಯ ಮುಗಿದು ಕುಸಿದುಬಿದ್ದ. ಮೆದುಳಿಗೆ ಆದ ಗಾಯದಿಂದ ಮತ್ತೆ ಮಾತು ಕಲಿಯಲೇ ಅವನಿಗೆ ತಿಂಗಳುಗಟ್ಟಲೆ ಹಿಡಿಯಿತು. 2009ರಲ್ಲಿ ಅವನ ಹೆಸರಲ್ಲೇ ಅಲ್ಲಿ ಕಾನೂನು ಬಂತು, ಆಮೇಲೆ ಉಳಿದ ರಾಜ್ಯಗಳೂ ಹಿಂಬಾಲಿಸಿದವು. ಪೆಟ್ಟಾದ ಮಗುವನ್ನು ವಾಪಸ್ ಆಡಿಸಲು ಡಾಕ್ಟರು ಬರೆದುಕೊಟ್ಟ ಚೀಟಿ ಬೇಕು. ಅಪ್ಪನ ಮಾತು ಸಾಲದು, ನಿಮ್ಮ ಮಾತೂ ಸಾಲದು. ಸಿಡಿಸಿ (ಅಮೆರಿಕ ಸರಕಾರದ ಸಾರ್ವಜನಿಕ ಆರೋಗ್ಯ ಸಂಸ್ಥೆ) ನಡೆಸುವ ಹೆಡ್ಸ್ ಅಪ್ ಕೋರ್ಸ್ ಉಚಿತ, ಅದರಲ್ಲಿ ಇವೆಲ್ಲ ವಿವರವಾಗಿ ಇದೆ.

ಪ್ರಾಕ್ಟೀಸ್ ಅಂದರೆ ಏನು ಮಾಡಿಸೋದು

ಒಂದು ಗಂಟೆ ಸಾಕು. ಸಾಲಿನಲ್ಲಿ ನಿಲ್ಲಿಸಿ ಒಬ್ಬೊಬ್ಬರೇ ಒದೆಯುವ ಡ್ರಿಲ್ ಬೇಡವೇ ಬೇಡ. ಹತ್ತು ಮಕ್ಕಳ ಸಾಲಿನಲ್ಲಿ ಒಬ್ಬರು ಒದೆಯುವಾಗ ಒಂಬತ್ತು ಜನ ಒಬ್ಬರನ್ನೊಬ್ಬರು ತಳ್ಳುತ್ತಿರುತ್ತಾರೆ. ಯು.ಎಸ್. ಸಾಕರ್ ಹೇಳಿಕೊಡುವ ಕ್ರಮ ಸರಳ: ಬಂದ ತಕ್ಷಣ ಇಬ್ಬರು ಇಬ್ಬರಂತೆ ಆಟ, ನಡುವೆ ಒಂದು ವಿಷಯ ಕಲಿಸುವುದು, ಕೊನೆಗೆ ಮತ್ತೆ ಆಟ. ಮೊದಲು ಬಂದವರು ಉಳಿದವರಿಗೆ ಕಾಯುತ್ತಾ ಕೂರುವ ಹಾಗಿಲ್ಲ, ಹಾಗಾಗಿ ಮಕ್ಕಳೇ ಅಪ್ಪ ಅಮ್ಮನನ್ನು ಬೇಗ ಹೊರಡಿಸುತ್ತಾರೆ.

ನಡುವಿನ ಭಾಗಕ್ಕೆ ನನ್ನ ಟೀಮಿನಲ್ಲಿ ಹಿಟ್ ಆಗಿರುವುದು ಕೆರೆ-ದಡ. ಹೌದು, ಅದೇ ಕೆರೆ-ದಡ! ಕೋನ್ ಇಟ್ಟು ದೊಡ್ಡ ವೃತ್ತ ಮಾಡಿ, ಎಲ್ಲರ ಕಾಲಲ್ಲೂ ಒಂದೊಂದು ಚೆಂಡು. "ಕೆರೆ" ಅಂದರೆ ಚೆಂಡು ಸಮೇತ ಒಳಗೆ, "ದಡ" ಅಂದರೆ ಹೊರಗೆ, ಚೆಂಡು ಗೆರೆ ದಾಟಿದ ತಕ್ಷಣ ಅದರ ಮೇಲೆ ಕಾಲಿಟ್ಟು ನಿಲ್ಲಿಸಬೇಕು. ಎರಡು ಸಲ "ದಡ ದಡ" ಅಂತ ಮೋಸ ಮಾಡಿ. ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಓಡುವುದು, ನಿಲ್ಲಿಸುವುದು, ತಿರುಗುವುದು, ತಲೆ ಎತ್ತಿ ಕೇಳಿಸಿಕೊಳ್ಳುವುದು, ಎಲ್ಲ ಅದರಲ್ಲೇ ಬಂತು. ಔಟ್ ಆದವರನ್ನು ಮಾತ್ರ ಕೂರಿಸಬೇಡಿ, ಕೂರಬೇಕಾಗಿ ಬರುವವರಿಗೇ ಪ್ರಾಕ್ಟೀಸ್ ಜಾಸ್ತಿ ಬೇಕಿರುತ್ತದೆ. ಹತ್ತು ಸಲ ಚೆಂಡು ಮುಟ್ಟಿ ವಾಪಸ್ ಬರಲಿ. ನಮ್ಮ ಟೀಮಿನ ಅಮೆರಿಕನ್ ಮಕ್ಕಳು ಮ್ಯಾಚಿನ ದಿನವೂ "ಕೇರೇ! ದಾಡಾ!" ಅಂತ ಕೂಗುತ್ತಾರೆ, ಎದುರು ಟೀಮಿನವರು ಅದನ್ನು ಏನೋ ರಹಸ್ಯ ತಂತ್ರ ಅಂದುಕೊಂಡಿದ್ದಾರೆ.

ಶನಿವಾರ ಬೆಳಗ್ಗೆ

ಎಲ್ಲರನ್ನೂ ಆಡಿಸಿ. ಎವೈಎಸ್‌ಒ ಅನ್ನುವ ಮಕ್ಕಳ ಸಾಕರ್ ಸಂಸ್ಥೆ 1964ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯಿತು. ಪ್ರತಿ ಮಗುವೂ ಕನಿಷ್ಠ ಅರ್ಧ ಆಟ ಆಡಲೇಬೇಕು ಅನ್ನುವುದು ಅದರ ನಿಯಮ. ನಿಮ್ಮ ಲೀಗಿನಲ್ಲಿ ಅಂಥ ನಿಯಮ ಇಲ್ಲದಿದ್ದರೂ ನೀವೇ ಇಟ್ಟುಕೊಳ್ಳಿ. ಯಾರು ಯಾವಾಗ ಹೊರಗೆ ಅಂತ ಹಿಂದಿನ ರಾತ್ರಿಯೇ ಚೀಟಿಯಲ್ಲಿ ಬರೆದಿಡಿ, ಯಾಕೆಂದರೆ ಎರಡು ಗೋಲು ಹಿಂದಿರುವಾಗ ತಲೆಯಲ್ಲಿ ಲೆಕ್ಕ ಹಾಕಿದರೆ ನ್ಯಾಯ ಜಾರಿಹೋಗುತ್ತದೆ, ಚೆನ್ನಾಗಿ ಆಡುವವನೇ ಒಳಗೆ ಉಳಿದುಬಿಡುತ್ತಾನೆ.

ರೆಫರಿ ಬಹಳ ಸಲ 13-14 ವರ್ಷದ ಹುಡುಗನೋ ಹುಡುಗಿಯೋ ಆಗಿರುತ್ತಾರೆ. ತಪ್ಪು ಮಾಡುತ್ತಾರೆ. ಬಾಯಿ ಮುಚ್ಚಿಕೊಂಡಿರಿ, ನಿಮ್ಮ ಟೀಮಿನ ಅಪ್ಪಂದಿರ ಬಾಯಿ ಮುಚ್ಚಿಸುವುದೂ ನಿಮ್ಮದೇ ಕೆಲಸ. ನಾನು ಮೊದಲ ವಾರದ ಮೆಸೇಜಿನಲ್ಲೇ ಬರೆಯುತ್ತೇನೆ: ಚಪ್ಪಾಳೆ ಎಷ್ಟು ಬೇಕಾದರೂ ಹೊಡೆಯಿರಿ, "ಒದಿ", "ಪಾಸ್ ಕೊಡು", "ಹಿಂದೆ ಹೋಗು" ಅಂತ ಹೊರಗಿನಿಂದ ಹೇಳಬೇಡಿ. ಚೆಂಡು ಕಾಲಲ್ಲಿರುವ ಏಳು ವರ್ಷದ ಮಗುವಿಗೆ ಆರು ದಿಕ್ಕಿನಿಂದ ಆರು ಮಾತು ಕೇಳಿದರೆ ಅದು ಏನು ತಾನೇ ಮಾಡೀತು?

ಇನ್ನು ಸ್ವಂತ ಮಗು. ಇದು ಎಲ್ಲಕ್ಕಿಂತ ಕಷ್ಟ. ಮೊದಲ ವರ್ಷ ಪಕ್ಷಪಾತ ಅಂದಾರು ಅಂತ ಹೆದರಿ ಮಗಳನ್ನೇ ಜಾಸ್ತಿ ಹೊರಗೆ ಕೂರಿಸಿದೆ, ಅವಳಿಗೆ ಮಾತ್ರ ಕನ್ನಡದಲ್ಲಿ ಗದರುತ್ತಿದ್ದೆ, ಯಾರಿಗೂ ಅರ್ಥ ಆಗಲ್ಲ ಅನ್ನುವ ಧೈರ್ಯ. ಧ್ವನಿ ಎಲ್ಲರಿಗೂ ಅರ್ಥ ಆಗುತ್ತದೆ ಅಂತ ಹೆಂಡತಿ ಕಾರಿನಲ್ಲಿ ಹೇಳಿದಳು. ಈಗ ಅವಳೂ ಉಳಿದವರ ಹಾಗೆಯೇ, ಚೀಟಿಯಲ್ಲಿ ಇದ್ದಷ್ಟು ಹೊತ್ತು. ಮನೆಗೆ ಹೋಗುವ ದಾರಿಯಲ್ಲಿ ಅವಳಾಗಿ ತೆಗೆಯದೆ ನಾನು ಮ್ಯಾಚಿನ ಮಾತು ಎತ್ತುವುದಿಲ್ಲ. ಸಾಮಾನ್ಯವಾಗಿ ಅವಳು ಎತ್ತುವುದು ಡೋನಟ್ ವಿಷಯ.

ಸ್ನ್ಯಾಕ್ಸ್ ಸರದಿಯನ್ನು ಇನ್ನೊಬ್ಬರಿಗೆ ವಹಿಸಿ, ಯಾರಿಗೆ ಕಡಲೆಕಾಯಿ ಅಲರ್ಜಿ, ಯಾರು ಇನ್‌ಹೇಲರ್ ಇಟ್ಟುಕೊಂಡಿದ್ದಾರೆ ಅನ್ನುವ ಪಟ್ಟಿ ಮಾತ್ರ ನಿಮ್ಮ ಚೀಲದಲ್ಲೇ ಇರಲಿ. ಮನೆಯವರ ಫೋನ್ ನಂಬರುಗಳೂ ಅದರ ಜೊತೆಗೆ, ಕಾಗದದಲ್ಲಿ, ಯಾಕೆಂದರೆ ಚಳಿಯಲ್ಲಿ ಫೋನ್ ಕೈಕೊಡುತ್ತದೆ.

ನವೆಂಬರಿನಲ್ಲಿ ಸೀಸನ್ ಮುಗಿದ ಮೇಲೆ ಚೆಂಡು, ಕೋನ್, ಪಂಪ್ ಎಲ್ಲ ಕ್ಲಬ್ಬಿಗೆ ವಾಪಸ್. ಕೊಡುವ ಮುಂಚೆ ಎಣಿಸಿ. ಹೋದ ವರ್ಷ ನನ್ನ ಚೀಲದಲ್ಲಿ ಎರಡು ಚೆಂಡು ಕಮ್ಮಿ ಬಂತು. ಒಂದು ನಮ್ಮ ಗ್ಯಾರೇಜಿನಲ್ಲೇ ಸಿಕ್ಕಿತು, ಇನ್ನೊಂದು ಮೈದಾನದ ಪಕ್ಕದ ಕೊಳದಲ್ಲಿ ಈಗಲೂ ತೇಲುತ್ತಿದೆ. ಕೆರೆ ಅಂದಿದ್ದಕ್ಕೆ ಹೋಯಿತು, ದಡ ಅಂದರೆ ಬರುತ್ತಿಲ್ಲ.