ಸಣ್ಣ ಆಫೀಸಿಗೆ ಮೇಲ್ ಸರ್ವರ್ ಬದಲಾಯಿಸ್ಬೇಕಾ? ಮೊದ್ಲು ಡೊಮೈನ್ ಯಾರ ಹೆಸ್ರಲ್ಲಿದೆ ನೋಡ್ರಿ

ಮಂಡಿಪೇಟೆಲಿ ಒಬ್ರೇ ಕೂತು ನಡೆಸೋ ಅಂಗಡಿಗೆ ಫ್ರೀ ಜಿಮೇಲ್ ಸಾಕು ರೀ, ಸುಮ್ನೆ ದುಡ್ಡು ಹಾಕ್ಬೇಡಿ. ನಾನು ಹೇಳ್ತಿರೋದು ಐದರಿಂದ ಇಪ್ಪತ್ತು ಜನ ಇರೋ ಆಫೀಸಿಗೆ, ಮೆಕ್ಕೆಜೋಳದ ಟ್ರೇಡಿಂಗು, ಹರಿಹರ ಕಡೆ ರೈಸ್ ಮಿಲ್ಲು, ಟ್ರಾನ್ಸ್‌ಪೋರ್ಟು, ಆಡಿಟರ್ ಆಫೀಸು ಇಂಥವಕ್ಕೆ. ಇವ್ರದ್ದೆಲ್ಲ ಕಥೆ ಹೆಚ್ಚೂಕಮ್ಮಿ ಒಂದೇ. ವೆಬ್‌ಸೈಟ್ ಮಾಡ್ಕೊಟ್ಟ ಹುಡುಗ ಹೋಸ್ಟಿಂಗ್ (ಸೈಟ್ ಇಡೋಕೆ ಬಾಡಿಗೆ ಜಾಗ) ಜೊತೆ ಬಿಟ್ಟಿ ಬಂದ ಮೇಲ್ ಐಡಿನೂ ಮಾಡ್ಕೊಟ್ಟಿರ್ತಾನೆ, ಒಂದೆರಡು ವರ್ಷ ಚೆನ್ನಾಗೇ ನಡೀತೈತೆ, ಆಮೇಲೆ ನಾಮಕ್ಕಲ್‌ನ ಕೋಳಿ ಫೀಡ್ ಕಂಪ್ನಿಗೆ ಕಳ್ಸಿದ ಕೊಟೇಶನ್ ಸ್ಪ್ಯಾಮ್‌ಗೆ ಬೀಳೋಕೆ ಶುರು. ಪಾರ್ಟಿ ಬಂದೇ ಇಲ್ಲ ಅಂತಾನೆ, ನಮ್ಮವ್ರು ಕಳ್ಸಿದೀವಿ ಸಾರ್ ಅಂತಾರೆ, ಕೊನೆಗೆ ವಾಟ್ಸಾಪಲ್ಲಿ ಪಿಡಿಎಫ್ ಹೋಗ್ತೈತೆ.

ಹಿಂಗ್ಯಾಕೆ ಆಗುತ್ತೆ ಅಂದ್ರೆ, ಕಮ್ಮಿ ರೇಟಿನ ಹೋಸ್ಟಿಂಗಲ್ಲಿ ಒಂದೇ ಐಪಿ ಅಡ್ರೆಸ್ (ಇಂಟರ್ನೆಟ್ಟಲ್ಲಿ ಸರ್ವರ್‌ನ ನಂಬರು) ಮೇಲೆ ಎಷ್ಟೋ ಸೈಟು ಇರ್ತವೆ. ಅದ್ರಲ್ಲಿ ಯಾರದ್ದೋ ಹಳೇ ವರ್ಡ್‌ಪ್ರೆಸ್ ಸೈಟ್ ಹ್ಯಾಕ್ ಆಗಿ ಸ್ಪ್ಯಾಮ್ ಉಗುಳೋಕೆ ಶುರು ಮಾಡಿದ್ರೆ ಆ ಐಪಿ ಸ್ಪ್ಯಾಮ್‌ಹೌಸ್ ಥರದ ಬ್ಲಾಕ್‌ಲಿಸ್ಟಿಗೆ ಹೋಗ್ತದೆ, ನಿಮ್ಮ ಇಮೇಲೂ ಅದ್ರ ಜೊತೆಗೇ ಹೋಯ್ತು. ನಿಮ್ಮ ಕಂಪ್ಯೂಟರ್‌ನಲ್ಲಿ ಏನೂ ತಪ್ಪಿರಲ್ಲ, ಔಟ್‌ಲುಕ್ ಹತ್ತು ಸಲ ರೀಇನ್‌ಸ್ಟಾಲ್ ಮಾಡಿದ್ರೂ ಸರಿ ಹೋಗಲ್ಲ.

ಸರಿ, ಹಂಗಾದ್ರೆ ಯಾವ್ದಕ್ಕೆ ಹೋಗೋದು? ಅದಕ್ಕಿಂತ ಮುಂಚೆ ಒಂದು ಕೆಲಸ ಮಾಡ್ರಿ, ನಿಮ್ಮ ಡೊಮೈನ್ (ಮೇಲ್ ಐಡಿಲಿ @ ಆದ್ಮೇಲೆ ಬರೋ ಹೆಸ್ರು) ಯಾರ ಹೆಸ್ರಲ್ಲಿದೆ ನೋಡ್ರಿ. ಎಷ್ಟೋ ಕಡೆ ಅದು ವೆಬ್‌ಸೈಟ್ ಹುಡುಗನ ಅಕೌಂಟಲ್ಲೇ ಇರ್ತದೆ, ಅವ್ನು ಈಗ ಬೆಂಗ್ಳೂರಲ್ಲಿ ಕೆಲ್ಸಕ್ಕೆ ಸೇರಿ ಫೋನೇ ಎತ್ತಲ್ಲ. ಮೇಲ್ ಸರ್ವಿಸ್ ಯಾವಾಗ ಬೇಕಾದ್ರೂ ಬದಲಾಯಿಸ್ಬೋದು, ಡೊಮೈನ್ ಕೈತಪ್ಪಿದ್ರೆ ಮುಗೀತು. ಅದನ್ನ ಮಾಲೀಕರ ಸ್ವಂತ ಅಕೌಂಟಿಗೆ ಟ್ರಾನ್ಸ್‌ಫರ್ ಮಾಡಿಸ್ಕೊಳ್ರಿ, ಮೂರೋ ಐದೋ ವರ್ಷಕ್ಕೆ ಒಟ್ಟಿಗೇ ರಿನೀವಲ್ ಕಟ್ರಿ, ಅದ್ರ ಲಾಗಿನ್‌ಗೆ ಅದೇ ಡೊಮೈನ್‌ನ ಮೇಲ್ ಐಡಿ ಮಾತ್ರ ಕೊಡ್ಬೇಡಿ. ಡೊಮೈನ್ ಎಕ್ಸ್‌ಪೈರ್ ಆದ ದಿನ ಅದ್ರ ಇಮೇಲೂ ನಿಂತೋಗುತ್ತಲ್ಲ, ಆಗ ಪಾಸ್‌ವರ್ಡ್ ರೀಸೆಟ್ ಲಿಂಕ್ ಎಲ್ಲಿಗೆ ಬರ್ಬೇಕು? ಜಿಎಸ್‌ಟಿ ಪೋರ್ಟಲ್ ಓಟಿಪಿ, ಇನ್‌ಕಮ್ ಟ್ಯಾಕ್ಸ್ ನೋಟಿಸ್ ಎಲ್ಲ ಮೇಲಿಗೇ ಬರೋ ಕಾಲ ಇದು, ಅಲ್ಲಿ ಯಾರ ಐಡಿ ಕೊಟ್ಟೀರಿ ಅಂತನೂ ಇದೇ ಟೈಮಲ್ಲಿ ಚೆಕ್ ಮಾಡ್ಕೊಳ್ರಿ, ಎಷ್ಟೋ ಜನಕ್ಕೆ ತಮ್ಮ ಟ್ಯಾಕ್ಸ್ ಕನ್ಸಲ್ಟೆಂಟ್ ಐಡಿನೇ ಅಲ್ಲಿದೆ ಅಂತ ಗೊತ್ತೇ ಇರಲ್ಲ.

ಇನ್ನೊಂದು ಲೆಕ್ಕ, ಎಷ್ಟು ಮೇಲ್‌ಬಾಕ್ಸ್ ಬೇಕು ಅನ್ನೋದು. ದುಡ್ಡು ವೇಸ್ಟ್ ಆಗೋದು ಇಲ್ಲೇ. ಸೇಲ್ಸ್, ಇನ್ಫೋ, ಅಕೌಂಟ್ಸ್, ಪರ್ಚೇಸ್ ಅಂತ ಒಂದೊಂದಕ್ಕೂ ಒಂದೊಂದು ಯೂಸರ್ ತಗೊಂಡು ತಿಂಗ್ಳು ತಿಂಗ್ಳು ಕಟ್ತಾರೆ. ಇವ್ನೆಲ್ಲ ಅಲಿಯಾಸ್ (ಅದೇ ಮೇಲ್‌ಬಾಕ್ಸಿಗೆ ಇನ್ನೊಂದು ಹೆಸ್ರು) ಇಲ್ಲಾ ಗ್ರೂಪ್ (ಒಂದು ಐಡಿಗೆ ಬಂದದ್ದು ಹಲವರಿಗೆ ಹೋಗೋದು) ಮಾಡ್ಕೋಬೋದು, ಅದಕ್ಕೆ ಸಾಮಾನ್ಯವಾಗಿ ಬೇರೆ ಚಾರ್ಜ್ ಇಲ್ಲ. ಹದಿನೈದು ಜನ ಇರೋ ಟ್ರಾನ್ಸ್‌ಪೋರ್ಟ್ ಆಫೀಸಲ್ಲಿ ಕೂತು ಮೇಲ್ ಬರೆಯೋರು ಐದಾರು ಜನ ಅಷ್ಟೇ, ಡ್ರೈವರ್‌ಗೆ ಗೋಡೌನ್‌ನವ್ರಿಗೆ ಮೇಲ್‌ಬಾಕ್ಸ್ ಯಾಕೆ? ಆದ್ರೆ ಸೇಲ್ಸ್ ಹುಡುಗ್ರಿಗೆ ಮಾತ್ರ ಕಂಪ್ನಿ ಐಡಿನೇ ಕೊಡ್ರಿ. ಸ್ವಂತ ಜಿಮೇಲಲ್ಲಿ ವ್ಯವಹಾರ ಮಾಡಿದವ್ನು ಕೆಲ್ಸ ಬಿಟ್ರೆ ಪಾರ್ಟಿಗಳ ಪತ್ರ ವ್ಯವಹಾರ ಎಲ್ಲ ಅವ್ನ ಜೊತೇಲೇ ಪಕ್ಕದ ಅಂಗಡಿಗೆ ಹೋಗ್ತೈತೆ.

ಈಗ ಆಯ್ಕೆಗೆ ಬರೋಣ. ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365 ಎರಡೂ ಚೆನ್ನಾಗಿವೆ, ಸ್ಪ್ಯಾಮ್ ಫಿಲ್ಟರ್ ಗಟ್ಟಿ, ರೇಟೂ ಗಟ್ಟಿ. ಶೀಟ್ಸು, ಡ್ರೈವು, ಎಕ್ಸೆಲ್ಲು ದಿನಾ ಹಂಚ್ಕೊಂಡು ಕೆಲ್ಸ ಮಾಡೋರಾದ್ರೆ ತಗೊಳ್ರಿ. ಬರೀ ಮೇಲ್ ಬೇಕು ಅಂದ್ರೆ ಜೋಹೋ ಮೇಲ್ ನೋಡ್ರಿ, ಚೆನ್ನೈ ಕಂಪ್ನಿ, ಡೇಟಾ ಸೆಂಟರ್ ಇಂಡಿಯಾದಲ್ಲೇ ಐತೆ, ಮೇಲ್ ಮಾತ್ರದ ಪ್ಲಾನ್ ಅಗ್ಗ. ಅವ್ರ ಫ್ರೀ ಪ್ಲಾನ್ ಐದು ಯೂಸರ್‌ವರೆಗೂ ಬರ್ತೈತೆ, ಆದ್ರೆ ಅದ್ರಲ್ಲಿ ಐಮ್ಯಾಪ್ (ಸರ್ವರ್‌ನಲ್ಲಿರೋ ಮೇಲನ್ನ ಬೇರೆ ಸಾಫ್ಟ್‌ವೇರಲ್ಲಿ ನೋಡೋ ವಿಧಾನ) ಇಲ್ಲ, ಅಂದ್ರೆ ಔಟ್‌ಲುಕ್‌ಗೆ ಹಾಕೋಕೆ ಆಗಲ್ಲ, ಬ್ರೌಸರ್ ಇಲ್ಲಾ ಅವ್ರ ಆ್ಯಪಲ್ಲೇ ನೋಡ್ಬೇಕು. ಔಟ್‌ಲುಕ್ ಬಿಟ್ಟು ಬದುಕಲ್ಲ ಅನ್ನೋ ಅಕೌಂಟೆಂಟ್ ಇದ್ರೆ ಮೊದ್ಲೇ ಪೇಡ್ ಪ್ಲಾನ್ ಲೆಕ್ಕ ಹಾಕ್ರಿ. ಪ್ರೋಟಾನ್ ಸ್ವಿಟ್ಜರ್ಲೆಂಡಿನದು, ಪ್ರೈವೆಸಿಗೆ ಹೆಸರುವಾಸಿ, ಔಟ್‌ಲುಕ್‌ಗೆ ಬ್ರಿಜ್ ಅಂತ ಬೇರೆ ಸಾಫ್ಟ್‌ವೇರ್ ಹಾಕ್ಬೇಕು, ಮಂಡಿ ವ್ಯಾಪಾರಕ್ಕೆ ಅಷ್ಟೆಲ್ಲ ಬೇಡ ಅನ್ಸುತ್ತೆ. ಯಾರು ರೇಟ್ ಹೇಳಿದ್ರೂ ಮೇಲೆ ಶೇ. 18 ಜಿಎಸ್‌ಟಿ ಸೇರ್ಸಿ ಲೆಕ್ಕ ಮಾಡ್ರಿ, ಮೊದಲ್ನೇ ವರ್ಷದ ಆಫರ್ ಬಿಟ್ಟು ಎರಡ್ನೇ ವರ್ಷದ ರಿನೀವಲ್ ರೇಟ್ ಕೇಳ್ರಿ.

ಕೆಲವ್ರು ಡೊಮೈನ್ ಮೇಲನ್ನ ಪಾಪ್ (POP, ಸರ್ವರ್‌ನಿಂದ ಮೇಲ್ ಇಳಿಸ್ಕೊಳ್ಳೋ ಹಳೇ ವಿಧಾನ) ಮೂಲಕ ಫ್ರೀ ಜಿಮೇಲಿಗೆ ಎಳ್ಕೊಂಡು ನಡೆಸ್ತಿದ್ರು. ಆ ಸೌಲಭ್ಯ 2026ರಿಂದ ನಿಲ್ಲಿಸ್ತೀವಿ ಅಂತ ಗೂಗಲ್ ಹೇಳಿದೆ, ಹೊಸದಾಗಿ ಆ ದಾರಿ ಹಿಡೀಬೇಡಿ.

ಸ್ವಂತ ಸರ್ವರ್ ಹಾಕೋಣ, ತಿಂಗ್ಳ ಖರ್ಚೇ ಇರಲ್ಲ ಅನ್ನೋರು ಊರಿಗೊಬ್ಬರು ಸಿಗ್ತಾರೆ. ಸಾಫ್ಟ್‌ವೇರ್ ಫ್ರೀ ಇರೋದು ನಿಜ. ಮೇಲ್‌ಕೌ, ಐರೆಡ್‌ಮೇಲ್, ಮೇಲ್ ಇನ್ ಎ ಬಾಕ್ಸ್ ಎಲ್ಲ ಚೆನ್ನಾಗಿವೆ, ಒಳಗಡೆ ಓಡೋದು ಬಹುಪಾಲು ಅದೇ ಪೋಸ್ಟ್‌ಫಿಕ್ಸು (ಮೇಲ್ ಸಾಗಿಸೋದು), ಡವ್‌ಕಾಟು (ಮೇಲ್‌ಬಾಕ್ಸ್ ನೋಡ್ಕೊಳ್ಳೋದು). ಮೇಲ್‌ಕೌಗೆ 6 ಜಿಬಿ ರ‍್ಯಾಮ್ ಆದ್ರೂ ಬೇಕು, ಮೇಲ್ ಇನ್ ಎ ಬಾಕ್ಸ್ ಸಣ್ಣ ಮೆಷಿನ್ನಲ್ಲೂ ಓಡ್ತದೆ. ಜಿಂಬ್ರಾ ಅನ್ನೋ ಇನ್ನೊಂದು ಮೇಲ್ ಸಾಫ್ಟ್‌ವೇರ್ ಹಾಕ್ತೀನಿ ಅಂತ ಯಾರಾದ್ರೂ ಬಂದ್ರೆ ಯಾವ ವರ್ಶನ್ ಕೇಳ್ರಿ, ಹಳೇ ಫ್ರೀ 8.8.15ರ ಸಪೋರ್ಟ್ 2023ರ ಕೊನೆಗೇ ಮುಗ್ದಿದೆ. ಮೈಕ್ರೋಸಾಫ್ಟಿನ ಮೇಲ್ ಸರ್ವರ್ ಸಾಫ್ಟ್‌ವೇರ್ ಎಕ್ಸ್‌ಚೇಂಜ್ 2016, 2019 ಎರಡಕ್ಕೂ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತಿದೆ, ಸೆಕೆಂಡ್‌ಹ್ಯಾಂಡ್ ಸರ್ವರ್ ಜೊತೆ ಅದನ್ನ ಹಾಕ್ಕೊಡ್ತೀನಿ ಅಂದ್ರೂ ಬೇಡ.

ಕಷ್ಟ ಇರೋದು ಮೇಲ್ ಹೊರಗೆ ಹೋಗೋದ್ರಲ್ಲಿ. ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗೋದು ಪೋರ್ಟ್ 25ರಲ್ಲಿ (ಸರ್ವರ್‌ನ 25ನೇ ನಂಬರ್ ಬಾಗಿಲು ಅನ್ಕೊಳ್ರಿ), ಅದನ್ನ ಬಾಡಿಗೆ ಸರ್ವರ್ ಕೊಡೋ ಅಮೆಜಾನ್, ಗೂಗಲ್ ಕ್ಲೌಡ್, ಡಿಜಿಟಲ್ ಓಶನ್ ಎಲ್ಲ ಶುರುನಲ್ಲೇ ಮುಚ್ಚಿಟ್ಟಿರ್ತವೆ. ಆಫೀಸಿನ ಫೈಬರ್ ಕನೆಕ್ಷನ್ ಮೇಲೇ ಸರ್ವರ್ ಇಡ್ತೀನಿ ಅಂದ್ರೆ ಸ್ಟ್ಯಾಟಿಕ್ ಐಪಿಗೆ (ಬದಲಾಗದ ಐಪಿ) ಬೇರೆ ದುಡ್ಡು, ಆಮೇಲೆ ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಸರ್ವರ್ ಹೆಸ್ರು ತೋರ್ಸೋ ರೆಕಾರ್ಡ್) ಹಾಕ್ಕೊಡಿ ಅಂತ ಇಂಟರ್ನೆಟ್ ಕಂಪ್ನಿಯವ್ರ ಹಿಂದೆ ಬೀಳ್ಬೇಕು, ಅದಿಲ್ದೆ ಜಿಮೇಲ್ ನಿಮ್ಮನ್ನ ಒಳಗೇ ಬಿಡಲ್ಲ. ಕರೆಂಟ್ ಹೋಗುತ್ತೆ ಅನ್ನೋ ಭಯ ಮಾತ್ರ ಜಾಸ್ತಿ ಬೇಡ. ಬೆಸ್ಕಾಂನವ್ರು ದಿನವಿಡೀ ಲೈನ್ ರಿಪೇರಿ ಅಂತ ತೆಗೆದ್ರೂ ಕಳ್ಸೋರ ಸರ್ವರ್ ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಟ್ರೈ ಮಾಡ್ತಿರುತ್ತೆ, ಮೇಲ್ ಕಳ್ದೋಗಲ್ಲ, ಲೇಟಾಗ್ತೈತೆ ಅಷ್ಟೇ. ಇಷ್ಟೆಲ್ಲ ಗೊತ್ತಿದ್ದೂ ಸ್ವಂತದ್ದೇ ಬೇಕು ಅಂದ್ರೆ ಬರೋ ಮೇಲ್ ನಿಮ್ಮ ಸರ್ವರ್‌ಗೆ ತಗೊಂಡು, ಹೋಗೋದನ್ನ ಅಮೆಜಾನ್ ಎಸ್‌ಇಎಸ್ ಥರದ ರಿಲೇ (ನಮ್ಮ ಪರವಾಗಿ ಮೇಲ್ ತಲುಪಿಸೋ ಸರ್ವಿಸ್) ಮೂಲಕ ಕಳ್ಸ್ರಿ, ಅಲ್ಲಿ ಸಾವಿರ ಮೇಲಿಗೆ ಹತ್ತು ಸೆಂಟ್. ಆದ್ರೆ ಅಪ್‌ಡೇಟು, ಬ್ಯಾಕಪ್ಪು ನೋಡೋಕೆ ಒಬ್ಬ ಮನುಷ್ಯ ಬೇಕೇ ಬೇಕು, ಅವ್ನ ಸಂಬಳ ಸೇರ್ಸಿದ್ರೆ ಯಾವ್ದು ಅಗ್ಗ ಅಂತ ನೀವೇ ಲೆಕ್ಕ ಹಾಕ್ರಿ. ನನ್ ಪ್ರಕಾರ ಇಪ್ಪತ್ತು ಜನದ ಆಫೀಸಿಗೆ ಇದು ಬೇಡ್ವೇ ಬೇಡ.

ಯಾವ್ದೇ ತಗೊಂಡ್ರೂ ಮೂರು ರೆಕಾರ್ಡ್ ಡಿಎನ್‌ಎಸ್‌ನಲ್ಲಿ (ಡೊಮೈನಿನ ಸೆಟ್ಟಿಂಗ್ ಪಟ್ಟಿ) ಹಾಕ್ಲೇಬೇಕು, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ನಮ್ಮ ಡೊಮೈನ್ ಹೆಸ್ರಲ್ಲಿ ಯಾವ ಸರ್ವರ್ ಮೇಲ್ ಕಳ್ಸ್ಬೋದು ಅಂತ ಎಸ್‌ಪಿಎಫ್ ಹೇಳುತ್ತೆ, ಡಿಕಿಮ್ ಪ್ರತಿ ಮೇಲಿಗೂ ಡಿಜಿಟಲ್ ಸಹಿ ಹಾಕುತ್ತೆ, ಇವೆರಡೂ ಫೇಲ್ ಆದ್ರೆ ಏನ್ ಮಾಡ್ಬೇಕು ಅಂತ ಡಿಮಾರ್ಕ್ ಹೇಳುತ್ತೆ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಇದನ್ನ ಸ್ಟ್ರಿಕ್ಟ್ ಮಾಡಿವೆ, ಜಿಮೇಲಿಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಕಳ್ಸೋರಿಗೆ ಮೂರೂ ಕಡ್ಡಾಯ, ಉಳಿದವ್ರಿಗೂ ಎಸ್‌ಪಿಎಫ್ ಇಲ್ಲಾ ಡಿಕಿಮ್ ಒಂದಾದ್ರೂ ಇರ್ಲೇಬೇಕು. ಜಾಸ್ತಿ ಜನ ಎಡವೋದು ಎಸ್‌ಪಿಎಫ್‌ನಲ್ಲಿ, ಹಳೇ ಹೋಸ್ಟಿಂಗ್‌ದು ಅಳಿಸ್ದೆ ಹೊಸದನ್ನೂ ಸೇರಿಸಿಬಿಡ್ತಾರೆ, ಒಂದು ಡೊಮೈನ್‌ಗೆ ಎರಡು ಎಸ್‌ಪಿಎಫ್ ಇದ್ರೆ ಎರಡೂ ಕೆಲ್ಸ ಮಾಡಲ್ಲ, ಒಂದರಲ್ಲೇ ಎಲ್ಲ ಸೇರಿಸ್ಬೇಕು. ಡಿಮಾರ್ಕನ್ನ ಮೊದ್ಲು none (ಫೇಲ್ ಆದ್ರೂ ಏನೂ ಮಾಡ್ಬೇಡ) ಅಂತ ಇಟ್ಟು ರಿಪೋರ್ಟ್ ನೋಡ್ರಿ, ಎಲ್ಲ ಸರಿ ಕಂಡ್ಮೇಲೆ ಕ್ವಾರಂಟೈನ್‌ಗೆ (ಫೇಲ್ ಆದದ್ದನ್ನ ಸ್ಪ್ಯಾಮ್‌ಗೆ ಹಾಕು) ಏರಿಸ್ರಿ. ನಿಮ್ಮ ಹೆಸ್ರಲ್ಲಿ ಪಾರ್ಟಿಗೆ "ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ, ಇದಕ್ಕೆ ಹಾಕಿ" ಅಂತ ಕಳ್ಳ ಮೇಲ್ ಹೋಗೋದು ಇದ್ರಿಂದ ಎಷ್ಟೋ ತಪ್ಪುತ್ತೆ.

ಟೆಸ್ಟ್ ಮಾಡೋಕೆ ನಿಮ್ಮದೇ ಯಾವ್ದಾದ್ರೂ ಜಿಮೇಲಿಗೆ ಒಂದು ಮೇಲ್ ಹಾಕಿ, ಕಂಪ್ಯೂಟರಲ್ಲಿ ಓಪನ್ ಮಾಡಿ ಬಲಗಡೆ ಮೂರು ಚುಕ್ಕಿ ಒತ್ತಿ ಶೋ ಒರಿಜಿನಲ್ ಅನ್ರಿ. ಮೇಲ್ಗಡೆನೇ ಮೂರರ ಹೆಸ್ರೂ ಬರ್ತವೆ, ಮೂರರ ಮುಂದೆನೂ ಪಾಸ್ ಅಂತ ಇರ್ಬೇಕು. ಸೆಟಪ್ ಮಾಡಿಕೊಟ್ಟವ್ರಿಗೆ ಬ್ಯಾಲೆನ್ಸ್ ದುಡ್ಡು ಇದನ್ನ ನೋಡಿದ್ಮೇಲೇ ಕೊಡ್ರಿ.

ಶಿಫ್ಟ್ ಮಾಡೋದಕ್ಕೆ ಶನಿವಾರ ಸಂಜೆ ಒಳ್ಳೇದು, ಜಿಎಸ್‌ಟಿ ರಿಟರ್ನ್ ಇರೋ ವಾರ ಬೇಡ. ಒಂದು ದಿನ ಮುಂಚೆನೇ ಎಂಎಕ್ಸ್ ರೆಕಾರ್ಡಿನ (ಮೇಲ್ ಯಾವ ಸರ್ವರ್‌ಗೆ ಬರ್ಬೇಕು ಅಂತ ಹೇಳೋದು) ಟಿಟಿಎಲ್ (ಬೇರೆಯವ್ರು ಅದನ್ನ ನೆನಪಿಟ್ಕೊಳ್ಳೋ ಸಮಯ) 300 ಸೆಕೆಂಡಿಗೆ ಇಳಿಸಿಡ್ರಿ, ಬದಲಾವಣೆ ಬೇಗ ಹರಡುತ್ತೆ. ಹೊಸ ಕಡೆ ಎಲ್ಲ ಮೇಲ್‌ಬಾಕ್ಸು, ಅಲಿಯಾಸು ರೆಡಿ ಆದ್ಮೇಲಷ್ಟೇ ಎಂಎಕ್ಸ್ ಮುಟ್ರಿ. ಹಳೇ ಮೇಲ್ ತರೋಕೆ ಐಮ್ಯಾಪ್‌ಸಿಂಕ್ ಅಂತ ಟೂಲ್ ಇದೆ, ದೊಡ್ಡ ಸರ್ವಿಸ್‌ಗಳಲ್ಲಿ ಅವ್ರದೇ ಮೈಗ್ರೇಶನ್ ಇರುತ್ತೆ. ಆದ್ರೆ ಅಕೌಂಟೆಂಟ್ ಕಂಪ್ಯೂಟರಲ್ಲಿ ಔಟ್‌ಲುಕ್ ಪಾಪ್‌ನಲ್ಲಿ ಸೆಟ್ ಆಗಿದ್ರೆ ಹುಷಾರು, ಇಮೇಲೆಲ್ಲ ಆ ಕಂಪ್ಯೂಟರಿನ ಪಿಎಸ್‌ಟಿ ಫೈಲಿಗೆ ಇಳಿದಿರ್ತವೆ, ಸರ್ವರ್ ಖಾಲಿ, ಸಿಂಕ್ ಮಾಡಿದ್ರೆ ಏನೂ ಬರಲ್ಲ. ಅಲ್ಲಿ ಮೊದ್ಲು ಪಿಎಸ್‌ಟಿನ ಪೆನ್‌ಡ್ರೈವ್‌ಗೆ ಕಾಪಿ ಮಾಡ್ಕೊಂಡು, ಅದೇ ಔಟ್‌ಲುಕ್‌ಗೆ ಹೊಸ ಅಕೌಂಟನ್ನ ಐಮ್ಯಾಪ್‌ನಲ್ಲಿ ಸೇರಿಸಿ, ಫೋಲ್ಡರ್‌ಗಳನ್ನ ಒಂದೊಂದಾಗಿ ಎಳೆದು ಹಾಕ್ರಿ. ಎಲ್ಲ ಒಟ್ಟಿಗೆ ಎಳೆದ್ರೆ ಔಟ್‌ಲುಕ್ ಹ್ಯಾಂಗ್ ಆಗಿ ಎಲ್ಲಿವರೆಗೆ ಹೋಗಿದೆ ಅಂತನೇ ತಿಳಿಯಲ್ಲ.

ಸೋಮವಾರ ಬೆಳಿಗ್ಗೆ ನೆನಪಿಗೆ ಬರೋದು ಇನ್ನೆರಡು, ಟ್ಯಾಲಿಯಿಂದ ಹೋಗೋ ಇನ್ವಾಯ್ಸ್ ಮೇಲು ಮತ್ತೆ ಸ್ಕ್ಯಾನ್ ಮಾಡಿ ನೇರ ಮೇಲ್ ಮಾಡೋ ಜೆರಾಕ್ಸ್ ಮೆಷಿನ್ನು. ಎರಡರಲ್ಲೂ ಹಳೇ ಸರ್ವರ್ ಹೆಸ್ರು, ಹಳೇ ಪಾಸ್‌ವರ್ಡ್ ಕೂತಿರ್ತವೆ. ಹೊಸ ಎಸ್‌ಎಂಟಿಪಿ (ಮೇಲ್ ಕಳ್ಸೋ ಸರ್ವರ್) ಹೆಸ್ರು, ಪೋರ್ಟ್ 587 ಇಲ್ಲಾ 465, ಟೂ ಸ್ಟೆಪ್ ಲಾಗಿನ್ ಆನ್ ಮಾಡಿದ್ರೆ ಆ್ಯಪ್ ಪಾಸ್‌ವರ್ಡ್ ಅಂತ ಬೇರೆ ಮಾಡ್ಕೊಂಡು ಹಾಕ್ಬೇಕು. ಹಳೇ ಹೋಸ್ಟಿಂಗ್ ಒಂದು ತಿಂಗ್ಳು ಹಂಗೇ ಬಿಟ್ಟು ಅಲ್ಲಿನ ಇನ್‌ಬಾಕ್ಸ್ ಆಗಾಗ ಇಣುಕಿ ನೋಡ್ರಿ, ಹೊಸ ಮೇಲ್ ಅಲ್ಲಿಗೆ ಬರೋದು ಪೂರ್ತಿ ನಿಂತ್ಮೇಲೆ ಕ್ಯಾನ್ಸಲ್ ಮಾಡ್ರಿ.