ಕಸಕ್ಕೆ ಹಾಕು ಅಂದಿದ್ದ ಕ್ಯಾಸೆಟ್‌ಗಳು ಈಗ ಓಡ್ತಾ ಉಂಟು

ಏಳೆಂಟು ತಿಂಗಳಿಂದ ನನ್ನ ಸುದ್ದಿ ಇಲ್ಲ, ಇವ ಹಳೇ ಸಿನಿಮಾ ನೋಡುದೇ ಬಿಟ್ಟ ಅಂತ ಕೆಲವರು ತಿಳ್ಕೊಂಡಿದ್ರಂತೆ. ಬಿಟ್ಟದ್ದಲ್ಲ ಮಾರಾಯ್ರೆ, ಕ್ಯಾಸೆಟ್ ತೊಳಿತಾ ಇದ್ದೆ. ಅಪ್ಪನ ವಿಎಚ್ಎಸ್ ವಿಡಿಯೋ ಕ್ಯಾಸೆಟ್ ಒಟ್ಟು ಎಂಬತ್ತರ ಹತ್ರ ಇತ್ತು, ಅದ್ರಲ್ಲಿ 61 ಈಗ ಹಾರ್ಡ್ ಡಿಸ್ಕ್‌ಗೆ ಬಂದಾಯ್ತು. ಪಕ್ಕದ ಮನೆ ಕಾಕಾ, ರಿಪೇರಿಯವ, ನನ್ನ ಸ್ವಂತ ಭಾವ, ಎಲ್ರೂ ಭಂಗಾರ್‌ಗೆ, ಅಂದ್ರೆ ಗುಜರಿಗೆ, ಹಾಕು ಅಂದವ್ರೇ. ಹೆಂಡತಿ ಬಾಯಿಬಿಟ್ಟು ಹೇಳ್ಲಿಲ್ಲ, ಆದ್ರೆ ಎರಡು ಸಲ ಟ್ರಂಕ್ ತಂದು ಬಾಗಿಲ ಹತ್ರ ಇಟ್ಟಿದ್ಲು.

ಕ್ಯಾಸೆಟ್ ಓಡಿಸುವ ವಿಸಿಆರ್ ಕುವೈತ್‌ನಿಂದ ಮಾವ 1985ರಲ್ಲಿ ತಂದದ್ದು. ಅಪ್ಪ ಮಾಟುಂಗದ ಹೋಟೆಲಲ್ಲಿ ಗಲ್ಲಾದಲ್ಲಿ ಕೂರ್ತಿದ್ರು, ಆದಿತ್ಯವಾರ ಮಧ್ಯಾಹ್ನ ಅಂದ್ರೆ ಅಲ್ಲಿ ಕಾಲಿಡ್ಲಿಕ್ಕೆ ಜಾಗ ಇಲ್ಲ, ದೂರದರ್ಶನದಲ್ಲಿ ಬೇರೆ ಬೇರೆ ಭಾಷೆಯ ಪ್ರಶಸ್ತಿ ಸಿನಿಮಾ ಬರ್ತಿದ್ದದ್ದೂ ಅದೇ ಹೊತ್ತಿಗೆ. ಮುಂಬೈಯಲ್ಲಿ ಕೂತವನಿಗೆ ಟಿವಿಯಲ್ಲಿ ಕನ್ನಡ ಕೇಳ್ಬೇಕಾದ್ರೆ ಆಗ ಅಷ್ಟೇ ದಾರಿ, ವರ್ಷಕ್ಕೆ ನಾಲ್ಕೈದು ಸಲ. ಹಾಗಾಗಿ ರೆಕಾರ್ಡ್ ಬಟನ್ ಒತ್ತುದು ಅಮ್ಮನ ಡ್ಯೂಟಿ. ಅಮ್ಮ ಜಾಹೀರಾತು ಬಂದಾಗ ಪಾಸ್ ಬಟನ್ ಒತ್ತಿ ರೆಕಾರ್ಡಿಂಗ್ ನಿಲ್ಲಿಸುದು ಮರೀತಿದ್ರು, ಅದಕ್ಕೆ ಅಪ್ಪ ಬೈತಿದ್ರು. ಅಮ್ಮನ ಆ ಮರೆವೇ ಇವತ್ತು ನನಗೆ ಬಂಗಾರ. ಯಾಕೆ ಅಂತ ಮುಂದೆ ಹೇಳ್ತೇನೆ.

2005ರ ಜುಲೈ 26, ಸಾಂತಾಕ್ರೂಜಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಬಿತ್ತಲ್ಲ, ಅವತ್ತು ಕಲೀನಾದ ನಮ್ಮ ಗ್ರೌಂಡ್ ಫ್ಲೋರ್ ಮನೆಗೆ ಸೊಂಟದವರೆಗೆ ನೀರು. ಮಂಚದಡಿಯ ಟ್ರಂಕಲ್ಲಿದ್ದ 14 ಕ್ಯಾಸೆಟ್ ಮುಳುಗಿತು. ಲಾಫ್ಟ್ ಮೇಲಿದ್ದದ್ದು ಮುಳುಗ್ಲಿಲ್ಲ, ಆದ್ರೆ ಇಲ್ಲಿಯ ಮಳೆಗಾಲ ನಿಮಗೆ ಗೊತ್ತುಂಟಲ್ಲ, ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದ್ರೆ ಟೇಪ್ ಸುರುಳಿ ಮೇಲೆ ಬೆಳ್ಳಗೆ ಬೂಸ್ಟು, ಉಪ್ಪಿನಕಾಯಿ ಭರಣಿ ಬಾಯಲ್ಲಿ ಹಿಡಿದ ಹಾಗೆ.

ಮೊದಲು ಸುಲಭದ ದಾರಿ ನೋಡಿದೆ. ದಾದರ್ ಕಡೆಯ ಒಂದು ಅಂಗಡಿ, ಕ್ಯಾಸೆಟ್‌ಗೆ 400 ರೂಪಾಯಿ, ಮೂರು ಚೆನ್ನಾಗಿರೋ ಕ್ಯಾಸೆಟ್ ಕೊಟ್ಟೆ. ಬಂದದ್ದು ಡಿವಿಡಿ, ಮೂಲೆಯಲ್ಲಿ ಅಂಗಡಿ ಹೆಸರು, ಮತ್ತೆ ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 50 ಫೀಲ್ಡ್, ಅಂದ್ರೆ ಅರ್ಧರ್ಧ ಚಿತ್ರ, ಇರ್ತದಲ್ಲ, ಅದ್ರಲ್ಲಿ ಅರ್ಧ ಬಿಸಾಡಿ 25 ಮಾಡಿದ್ದಾನೆ, ಮನುಷ್ಯರು ನಡೆದ್ರೆ ಕಾಲು ತಡವರಿಸಿದ ಹಾಗೆ ಕಾಣ್ತದೆ. 1200 ಹೋಯ್ತು. ನಾನೇ ಮಾಡ್ತೇನೆ ಅಂತ ಕ್ಯಾಸೆಟ್ಟಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ 700 ರೂಪಾಯಿಯ ಯುಎಸ್‌ಬಿ ಕಡ್ಡಿ ತಗೊಂಡೆ, ನೀವೂ ತಗೊಂಡಿರ್ತೀರಿ, ನಗ್ಬೇಡಿ. ಒಂದೂವರೆ ಗಂಟೆ ಆಗುವಷ್ಟರಲ್ಲಿ ತುಟಿ ಒಂದು ಕಡೆ ಮಾತು ಒಂದು ಕಡೆ.

ಅಪ್ಪನ ವಿಸಿಆರ್ ಯಾವಾಗ್ಲೋ ಸತ್ತಿತ್ತು. ಶುಕ್ರವಾರ ಬೆಳಿಗ್ಗೆ ಬೆಳಿಗ್ಗೆ ಚೋರ್ ಬಜಾರ್‌ಗೆ ಹೋಗಿ 4500ಕ್ಕೆ ಒಂದು ತಂದೆ, ಅಂಗಡಿಯವ ಅಲ್ಲೇ ಹಾಕಿ ತೋರಿಸಿದ್ದ, ಚಿತ್ರ ಬಂತು. ಮನೆಗೆ ತಂದು ಹತ್ತನೇ ದಿನ ಬೆಲ್ಟ್ ಕರಗಿ ಡಾಂಬರಿನ ಹಾಗೆ ಅಂಟಿತು, ಹೋಗುವಾಗ ಒಂದು ಕ್ಯಾಸೆಟ್‌ನ ಟೇಪ್ ನುಂಗಿಯೇ ಹೋಯ್ತು. ಲ್ಯಾಮಿಂಗ್ಟನ್ ರೋಡಲ್ಲಿ ಬೆಲ್ಟ್, ಟೇಪ್ ಎಳೆಯುವ ಪಿಂಚ್ ರೋಲರ್ ಅಂತ ಹುಡುಕಿ ಇನ್ನೊಂದು ಎರಡು ಸಾವಿರ. ಅಲ್ಲಿಯ ರಿಪೇರಿಯವನೇ ಹೇಳಿದ್ದು, ಬೂಸ್ಟಿನ ಕ್ಯಾಸೆಟ್ ಹಾಕಿದ್ರೆ ಟೇಪ್ ಓದುವ ಹೆಡ್ಡೇ ಹೋಗ್ತದೆ, ಕೈ ಮುಗಿತೇನೆ ಬಿಟ್ಟುಬಿಡಿ ಅಂತ. ಅವ ಹೇಳಿದ್ದು ಸುಳ್ಳಲ್ಲ. ನಿಮಿಷಕ್ಕೆ 1500 ಸುತ್ತು ತಿರುಗುವ ಹೆಡ್ಡಿನ ಡ್ರಮ್ಮಿಗೆ ಬೂಸ್ಟು ತಾಗಿದ್ರೆ ಅರ್ಧ ನಿಮಿಷದಲ್ಲಿ ಪರದೆ ತುಂಬ ಹಿಮ.

ಕೊನೆಗೆ ಕೈ ಹಿಡಿದದ್ದು ಮದುವೆ ವಿಡಿಯೋದವರು. ತೊಂಬತ್ತರ ದಶಕದಲ್ಲಿ ಎಡಿಟಿಂಗ್‌ಗೆ ಅವರ ಹತ್ರ ಗಟ್ಟಿ ಡೆಕ್ ಇರ್ತಿತ್ತು, ಮನೆ ವಿಸಿಆರ್ ಹಾಗೆ ಆಟಿಕೆ ಅಲ್ಲ. ಧಂದೆ ಬಿಟ್ಟ ಒಬ್ಬರ ಹತ್ರ 11 ಸಾವಿರಕ್ಕೆ ಒಂದು ಸಿಕ್ಕಿತು, ಅವ್ರು 18 ಹೇಳಿದ್ರು, ಮೂರು ಸಲ ಚಾ ಕುಡಿದು ಇಳಿಸಿದೆ. ಅದರ ಮುಂದೆ ಒಂದು ಹಳೇ ಡಿವಿಡಿ ರೆಕಾರ್ಡರ್ ಇಟ್ಟೆ, ಎರಡೂವರೆ ಸಾವಿರ, ರೆಕಾರ್ಡ್ ಮಾಡ್ಲಿಕ್ಕಲ್ಲ, ಸಿಗ್ನಲ್ ಅದರೊಳಗಿಂದ ದಾಟಿಸ್ಲಿಕ್ಕೆ ಮಾತ್ರ. ಚಿತ್ರದ ಮೇಲಿನ ಅಂಚು ಬಾವುಟದ ಹಾಗೆ ಬಾಗ್ತಿತ್ತಲ್ಲ, ಅದು ಅಲ್ಲಿಗೇ ನಿಂತಿತು. ಯಾವ ರೆಕಾರ್ಡರ್ ಆದ್ರೂ ಆಗುದಿಲ್ಲ, ನನ್ನದು ಯಾವುದು ಅಂತ ಈಗ ಹೇಳುದಿಲ್ಲ, ಹೇಳಿದ್ರೆ ನಾಳೆಯೇ ರೇಟ್ ಏರ್ತದೆ, ನನಗೆ ಇನ್ನೊಂದು ಬೇಕು.

ಕಂಪ್ಯೂಟರಿಗೆ ಇಳಿಸಿದ್ದು 720×576 ಅಳತೆಯಲ್ಲಿ, ಲಾಸ್‌ಲೆಸ್ ಅಂದ್ರೆ ಏನೂ ಬಿಸಾಡದೆ, ಗಂಟೆಗೆ ಹೆಚ್ಚುಕಮ್ಮಿ 30 ಜಿಬಿ ತಿಂತದೆ, ತಿನ್ಲಿ. ಡಿಇಂಟರ್ಲೇಸ್, ಅಂದ್ರೆ ಆ ಅರ್ಧರ್ಧ ಫೀಲ್ಡನ್ನು ಪೂರ್ತಿ ಚಿತ್ರ ಮಾಡುದು, ಆಮೇಲೆ ನಿಧಾನಕ್ಕೆ.

ಈಗ ಬೂಸ್ಟಿನ ವಿಷಯ. ಮೊದಲ ಪ್ರಯೋಗ ಅಕ್ಕಿ ಡಬ್ಬ. ಮೊಬೈಲ್ ಒದ್ದೆಯಾದ್ರೆ ಅಕ್ಕಿಯಲ್ಲಿ ಹಾಕ್ತಾರಲ್ಲ, ಹಾಗೆ ನಾಲ್ಕು ಕ್ಯಾಸೆಟ್ ಕುಚ್ಚಲಕ್ಕಿಯಲ್ಲಿ ಹೂತಿಟ್ಟೆ. ವಾರ ಬಿಟ್ಟು ತೆಗೆದ್ರೆ ಬೂಸ್ಟು ಅಲ್ಲೇ, ಅದರ ಮೇಲೆ ಅಕ್ಕಿ ಧೂಳು ಬೇರೆ, ಒಂದರಲ್ಲಿ ಗುಗ್ಗುರು ಹುಳ. ಆ ಅಕ್ಕಿ ಅನ್ನ ಮಾಡ್ಲಿಕ್ಕೆ ಹೆಂಡತಿ ಒಪ್ಪಲಿಲ್ಲ, ಅದೂ ಖರ್ಚಿಗೇ ಸೇರಿಸಿ. ಎರಡನೇದು ಟೆರೇಸ್ ಬಿಸಿಲು, ಮೇ ತಿಂಗಳು, ಎರಡು ಕ್ಯಾಸೆಟ್ ಹಪ್ಪಳದ ಹಾಗೆ ಸೊಟ್ಟ ಆಯ್ತು. ಓವನಲ್ಲಿ ಬೇಯಿಸುದು ಅಂತ ಒಂದು ಉಂಟಲ್ಲ, ಅದು ದೊಡ್ಡ ಸ್ಪೂಲ್ ಟೇಪಿನವರ ರೋಗಕ್ಕೆ ಮದ್ದು, ನಮ್ಮದಕ್ಕೆ ಅಲ್ಲ, ಯಾರೂ ಮಾಡ್ಲಿಕ್ಕೆ ಹೋಗ್ಬೇಡಿ.

ಕೆಲಸಕ್ಕೆ ಬಂದದ್ದು ಭಂಗಾರ್‌ನವನ ಹತ್ರ 150ಕ್ಕೆ ಸಿಕ್ಕಿದ ರಿವೈಂಡರ್, ಕ್ಯಾಸೆಟ್ ಹಿಂದಕ್ಕೆ ಸುತ್ತುವ ಯಂತ್ರ, ಕಾರಿನ ಆಕಾರದ್ದು, ಮೋಟರ್ ಗಟ್ಟಿ ಇತ್ತು. 12 ವೋಲ್ಟಿನದ್ದು, ಹಾಗೇ ಓಡಿಸಿದ್ರೆ ಟೇಪ್ ಹಾರ್ತದೆ. ನಾನು ಮೊಬೈಲ್ ಚಾರ್ಜರಿನ 5 ವೋಲ್ಟ್ ಕೊಟ್ಟೆ, ಮುದುಕರು ವಾಕಿಂಗ್ ಹೋದ ಹಾಗೆ ನಿಧಾನ ತಿರುಗ್ತದೆ. ಮುಚ್ಚಳ ಕತ್ತರಿಸಿ ಟೇಪನ್ನು ಹೊರಗೆ ಎಳೆದು ಎರಡು ಮೈಕ್ರೋಫೈಬರ್ ಪ್ಯಾಡ್ ನಡುವೆ ಹಾಯಿಸಿದೆ. ಮೊದಲ ಸುತ್ತು ಒಣ ಬಟ್ಟೆ, ಎರಡನೇದಕ್ಕೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಬರೀ ತೇವ ಆಗುವಷ್ಟು, ಮೂರನೇದು ಮತ್ತೆ ಒಣ. ಪ್ಯಾಡ್ ಎಷ್ಟು ಬಿಗಿ ಇರ್ಬೇಕು ಅನ್ನುದೇ ಇಡೀ ಗುಟ್ಟು, ಹೆಚ್ಚಾದ್ರೆ ಟೇಪ್ ಎಳೀತದೆ, ಕಮ್ಮಿಯಾದ್ರೆ ಬೂಸ್ಟು ಸವರಿ ಹರಡ್ತದೆ, ಅದಕ್ಕೆ ನಾನು ಅಡುಗೆಮನೆಯ ಒಂದು ಸಾಮಾನು ಬಳಸಿದ್ದೇನೆ, ಅದಿರ್ಲಿ. ಮೂರು ಗಂಟೆಯ ಇ-180 ಕ್ಯಾಸೆಟ್ ಅಂದ್ರೆ 258 ಮೀಟರ್ ಉದ್ದ, ಮೂರು ಸುತ್ತಿಗೆ ಒಂದು ಸಂಜೆ ಪೂರ್ತಿ ಬೇಕು. ಬಾಲ್ಕನಿಯಲ್ಲಿ ಮಾಡಿ, ಮಾಸ್ಕ್ ಹಾಕಿ. ನಾನು ಮೊದಲ ಆರಕ್ಕೆ ಹಾಕಿರ್ಲಿಲ್ಲ, ಹದಿನೈದು ದಿನ ಕೆಮ್ಮು, ಡಾಕ್ಟರಿಗೆ ಕೊಟ್ಟ 600 ಕೂಡ ಲೆಕ್ಕದಲ್ಲಿ ಬರ್ತದೆ.

ನೆರೆಗೆ ಸಿಕ್ಕಿದ 14ರ ಕತೆ ಬೇರೆ. ಅದ್ರಲ್ಲಿ ಕೆಸರು ಒಣಗಿ ಸುರುಳಿಯೇ ಇಟ್ಟಿಗೆ ಆಗಿತ್ತು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಐದು ಲೀಟರ್ ಕ್ಯಾನ್ ತಂದು ಟಬ್ಬಲ್ಲಿ ಸ್ಪೂಲ್ ಇಟ್ಟು, ಎರಡು ದಿನ ನೀರು ಬದಲಿಸಿ ಬದಲಿಸಿ, ಆಮೇಲೆ ಫ್ಯಾನಿನ ಕೆಳಗೆ ನೆರಳಲ್ಲಿ. ಅವಸರ ಮಾಡಿ ಎಳೆದದ್ದು ಮೂರು ತುಂಡಾಯ್ತು. 9 ಉಳೀತು. ಹಳೇ ಡಬ್ಬಿ ಉಪಯೋಗಿಸ್ಬಾರ್ದು, ಬೇರೆ ಒಳ್ಳೇ ಡಬ್ಬಿಗೆ ಸ್ಪೂಲ್ ವರ್ಗ ಮಾಡ್ಬೇಕು, ಅಡಿಯಲ್ಲಿ ಐದು ಸ್ಕ್ರೂ ಅಷ್ಟೇ, ಮಧ್ಯದ ಸ್ಪ್ರಿಂಗ್ ಹಾರಿ ಹೋಗದಂತೆ ನೋಡಿ. ಡಬ್ಬಿಗೋಸ್ಕರ ಯಾರೋ ಬಿಸಾಡಿದ ಮದುವೆ ಕ್ಯಾಸೆಟ್ ಒಂದು ಚೀಲ ತಂದೆ, ಒಂದಕ್ಕೆ ಐದು ರೂಪಾಯಿ. ಹಾಗೇ ಬಿಚ್ಚಲಿಕ್ಕೆ ಮನಸ್ಸು ಬರ್ಲಿಲ್ಲ, ಒಂದನ್ನು ಹಾಕಿ ನೋಡಿದೆ, ಊಟದ ಪಂಕ್ತಿಯಲ್ಲಿ ಬಡಿಸುವವ ಕ್ಯಾಮೆರಾ ನೋಡಿ ಸಾರಿನ ಬಕೆಟ್ ಹಿಡಿದು ಪೋಸ್ ಕೊಟ್ಟು ನಿಂತಿದ್ದಾನೆ. ಅದನ್ನು ಬಿಚ್ಚಲಿಲ್ಲ, ಹಾಗೇ ಇಟ್ಟಿದ್ದೇನೆ.

ಒಟ್ಟು ಖರ್ಚು 38ರಿಂದ 40 ಸಾವಿರ ಆಗಿರ್ಬೇಕು, ಹಾರ್ಡ್ ಡಿಸ್ಕ್ ಸೇರಿ. ಅದ್ರಲ್ಲಿ ಫ್ರಿಜ್ ಬರ್ತಿತ್ತು ಅನ್ನುದು ಮನೆಯವಳ ಲೆಕ್ಕ. ಭಾವ ಕೇಳಿದ್ದು ಇನ್ನೊಂದು, ಇದೇ ಸಿನಿಮಾ ಇದಕ್ಕಿಂತ ಚಂದ ಬೇರೆ ಕಡೆ ಸಿಗುದಿಲ್ವಾ? ಸಿಗ್ತದೆ. 1977ರ ಘಟಶ್ರಾದ್ಧವನ್ನೇ ರಿಸ್ಟೋರ್ ಮಾಡಿ 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದ್ರು, ಅದರ ಮುಂದೆ ನನ್ನ ವಿಎಚ್ಎಸ್ ಪ್ರತಿ ಮಸಿಬಟ್ಟೆ. ಸಿನಿಮಾ ಕಾಯ್ಲಿಕ್ಕೆ ಪುಣೆಯಲ್ಲಿ 1964ರಿಂದ ಆರ್ಕೈವ್ ಉಂಟು. ಆದ್ರೆ ಸಿನಿಮಾ ಶುರುವಾಗುವ ಮೊದಲು ಸೀರೆ ಉಟ್ಟು ಹೂ ಮುಡಿದ ಅನೌನ್ಸರ್ ಹೇಳಿದ ನಾಲ್ಕು ಮಾತು, ನಡುವೆ ‘ರುಕಾವಟ್ ಕೇ ಲಿಯೇ ಖೇದ್ ಹೈ’ (ಅಡಚಣೆಗೆ ವಿಷಾದ) ಅಂತ ಮೂರು ನಿಮಿಷ ನಿಂತ ಬೋರ್ಡು, ಸಾಬೂನು ಪುಡಿ ಜಾಹೀರಾತು, ಆ ಗಡಿಯಾರ, ಇದನ್ನು ಯಾರು ಕಾದಿಟ್ಟಿದ್ದಾರೆ? ಪಾಸ್ ಒತ್ತದ ಅಮ್ಮಂದಿರು ಮಾತ್ರ. ನನ್ನ 61ರಲ್ಲಿ ಅಂಥದ್ದೇ ಐದಾರು ಗಂಟೆ ಉಂಟು, ಅದನ್ನು ಬೇರೆ ಫೋಲ್ಡರ್ ಮಾಡಿದ್ದೇನೆ.

ಒಂದು ಪಾಪವನ್ನೂ ಹೇಳ್ಬೇಕು. ‘ಮಾಲ್ಗುಡಿ, ಅಳಿಸಬಾರದು’ ಅಂತ ಅಪ್ಪನ ಅಕ್ಷರ ಇದ್ದ ಕ್ಯಾಸೆಟ್, ಮೇಲೆ ಬೇರೆ ರೆಕಾರ್ಡ್ ಆಗದ ಹಾಗೆ ಹಿಂದಿನ ಟ್ಯಾಬನ್ನೂ ಮುರಿದಿದ್ರು. ನಾನು ತೂತಿಗೆ ಸೆಲ್ಲೋಟೇಪ್ ಹಚ್ಚಿ 1987ರ ನವೆಂಬರ್ 5ಕ್ಕೆ ವಾಂಖೇಡೆಯ ಸೆಮಿಫೈನಲ್ ಅದರ ಮೇಲೆ ಹೊಡೆದಿದ್ದೆ. ಇಂಗ್ಲೆಂಡಿನ ಗೂಚ್ ಸ್ವೀಪ್ ಮೇಲೆ ಸ್ವೀಪ್ ಹೊಡೆದು 115, ನಾವು 35 ರನ್ನಿಂದ ಸೋತೆವು, ಶಂಕರ್‌ನಾಗ್‌ನನ್ನು ಅಳಿಸಿ ಸೋಲನ್ನು ರೆಕಾರ್ಡ್ ಮಾಡಿದ ಜಾಣ ನಾನು. ಕಳೆದ ತಿಂಗಳು ತೊಳೆದು ಓಡಿಸಿದಾಗ ಕ್ರಿಕೆಟ್ ಮುಗಿದು, ಒಂದು ಸಲ ಪರದೆ ಹರಿದು, ಕೊನೆಯ ನಾಲ್ಕೈದು ನಿಮಿಷ ಆಗುಂಬೆ ಉಳಿದಿತ್ತು. ಅಪ್ಪ ಇಲ್ಲ, ಅಮ್ಮನಿಗೆ ತೋರಿಸಿದೆ, ನೀನೇ ಅಳಿಸಿದ್ದು ಅಂತ ಆಗ್ಲೇ ಗೊತ್ತಿತ್ತು, ಅಪ್ಪನ ಹತ್ರ ಹೇಳಿರ್ಲಿಲ್ಲ ಅಂದ್ರು.

ಬಾಕಿ ಇರೋದ್ರಲ್ಲಿ ಆರೇಳು ಇನ್ನೂ ಆಗುವ ಹಾಗೆ ಕಾಣ್ತದೆ. ಆದ್ರೆ ಈಗ ಮಳೆ ಹಿಡಿದಿದೆ, ಈ ಹವೆಯಲ್ಲಿ ಡಬ್ಬಿ ಬಿಚ್ಚುದು ಬೇಡ, ಸಿಲಿಕಾ ಜೆಲ್ ಹಾಕಿ ಕಟ್ಟಿಟ್ಟಿದ್ದೇನೆ. ದೀಪಾವಳಿ ಕಳೆದ ಮೇಲೆ ಮತ್ತೆ ಶುರು. ಅಷ್ಟರೊಳಗೆ ಯಾರ ಹತ್ರ ಆದ್ರೂ ಕಾರಿನ ಆಕಾರದ ರಿವೈಂಡರ್ ಬಿದ್ದಿದ್ರೆ ಹೇಳಿ, ನನ್ನದರ ಮೋಟರ್ ಈಗ ಕೀಂಗುಡ್ತಾ ಉಂಟು.